ಕಬ್ಬಿನ ನಾಡಿನ ಪೆಟ್ರೋಲಿಗೆ ಎಂಜಿನ್ ಹೊಂದಿಸುವ ಬಗೆ

ಜಮಖಂಡಿ ತಾಲ್ಲೂಕಿನ ಸಾವಳಗಿ ಸೀಮೆಯ ಕಬ್ಬು ಈಗ ಸಕ್ಕರೆ ಚೀಲದಲ್ಲಷ್ಟೇ ಅಲ್ಲ, ಪೆಟ್ರೋಲ್ ಟ್ಯಾಂಕಿನಲ್ಲೂ ಇದೆ. ಚಿಕ್ಕಪಡಸಲಗಿಯಲ್ಲಿ 1989ರಲ್ಲಿ ರೈತರೇ ಹಣ ಕೂಡಿಸಿ, ಮೈಮುರಿದು ದುಡಿದು ಕೃಷ್ಣೆಗೆ ಬ್ಯಾರೇಜ್ ಕಟ್ಟಿಕೊಂಡ ಮೇಲೆ ಈ ಭಾಗದ ನೀರಾವರಿಗೆ ಬಲ ಬಂತು. ಇವತ್ತು ಮುಧೋಳದ ನಿರಾಣಿ ಶುಗರ್ಸ್, ಸಮೀರವಾಡಿಯ ಗೋದಾವರಿ ಬಯೋರಿಫೈನರೀಸ್‌ನಂಥ ಕಾರ್ಖಾನೆಗಳು ಸಕ್ಕರೆಯ ಜೊತೆಗೆ ಎಥೆನಾಲನ್ನೂ ತಯಾರಿಸುತ್ತವೆ. ಶೇ 20ರಷ್ಟು ಎಥೆನಾಲ್ ಬೆರೆತ ಇ20 ಪೆಟ್ರೋಲನ್ನು 2023ರ ಫೆಬ್ರುವರಿ 6ರಂದು ಬಿಡುಗಡೆ ಮಾಡಿದ್ದೂ ನಮ್ಮ ಬೆಂಗಳೂರಿನಲ್ಲೇ.

ಬೆಳೆಗಾರನಿಗೆ ಇದು ಒಳ್ಳೆಯ ಸುದ್ದಿ. ಎಂಜಿನ್ ಟ್ಯೂನ್ ಮಾಡುವವನಿಗೆ ಮಾತ್ರ ಲೆಕ್ಕ ಬದಲಾಗಿದೆ. ಬರೀ ಪೆಟ್ರೋಲಿಗೆ ಸರಿಹೊಂದಿಸಿದ ಎಂಜಿನ್ ಇ20ಯಲ್ಲಿ ಅಷ್ಟೇ ಎಣ್ಣೆ ಕುಡಿದರೆ ಲೀನ್ ಆಗುತ್ತದೆ, ಅಂದರೆ ಗಾಳಿಗೆ ತಕ್ಕಷ್ಟು ಎಣ್ಣೆ ಇರುವುದಿಲ್ಲ, ಪಿಕಪ್ ಕಳೆದುಕೊಳ್ಳುತ್ತದೆ, ಕಾಯುತ್ತದೆ. ಎಷ್ಟು ಲೀನ್ ಎಂಬುದನ್ನು ಊಹಿಸದೆ ಅಳೆಯುವ ಸಾಧನವೇ ವೈಡ್‌ಬ್ಯಾಂಡ್ ಆಕ್ಸಿಜನ್ ಸೆನ್ಸರ್. ಅದನ್ನು ಬಳಸಿ ಎಂಜಿನ್ನಿನ ಕಂಪ್ಯೂಟರ್ ಆದ ಇಸಿಯುವಿನ ಫ್ಯೂಯೆಲ್ ಟೇಬಲ್ ತಿದ್ದುವುದು ಹೇಗೆ, ಯಾವಾಗ ತಿದ್ದಬಾರದು ಎಂಬುದನ್ನು ಇಲ್ಲಿ ನೋಡೋಣ.

ಗಾಳಿ ಎಷ್ಟು, ಎಣ್ಣೆ ಎಷ್ಟು

ಒಂದು ಗ್ರಾಂ ಪೆಟ್ರೋಲ್ ಪೂರ್ತಿ ಉರಿಯಲು ಸುಮಾರು 14.7 ಗ್ರಾಂ ಗಾಳಿ ಬೇಕು. ಎಥೆನಾಲಿನ ಅಣುವಿನಲ್ಲೇ ಆಮ್ಲಜನಕ ಇರುವುದರಿಂದ ಅದಕ್ಕೆ 9 ಗ್ರಾಂ ಗಾಳಿ ಸಾಕು. ಹಾಗಾಗಿ ಇ10ಕ್ಕೆ ಈ ಅನುಪಾತ ಸುಮಾರು 14.1 ಆಗುತ್ತದೆ, ಇ20ಕ್ಕೆ ಸುಮಾರು 13.5. ಎಂಜಿನ್ ಎಳೆದುಕೊಳ್ಳುವ ಗಾಳಿ ಅಷ್ಟೇ ಇರುವಾಗ ಇ20ಗೆ ತೂಕದಲ್ಲಿ ಸುಮಾರು ಶೇ 9ರಷ್ಟು ಹೆಚ್ಚು ಎಣ್ಣೆ ಹಾಕಬೇಕು.

ಇಲ್ಲಿಯೇ ಲ್ಯಾಂಬ್ಡಾ ಎಂಬ ಅಳತೆ ಕೈಹಿಡಿಯುತ್ತದೆ. ನಿಜವಾಗಿ ಸಿಕ್ಕ ಗಾಳಿಯನ್ನು ಬೇಕಾದ ಗಾಳಿಯಿಂದ ಭಾಗಿಸಿದರೆ ಬರುವ ಸಂಖ್ಯೆ ಅದು. 1.00 ಅಂದರೆ ಸರಿಸಮ, 1.10 ಅಂದರೆ ಶೇ 10ರಷ್ಟು ಗಾಳಿ ಹೆಚ್ಚು, ಲೀನ್. 0.87 ಅಂದರೆ ಎಣ್ಣೆ ಹೆಚ್ಚು, ರಿಚ್. ಸೆನ್ಸರ್ ನೋಡುವುದು ಹೊಗೆಯಲ್ಲಿ ಉಳಿದ ಇಲ್ಲವೇ ಕೊರತೆಬಿದ್ದ ಆಮ್ಲಜನಕವನ್ನು. ಟ್ಯಾಂಕಿನಲ್ಲಿ ಯಾವ ಇಂಧನವಿದೆ ಎಂಬುದು ಅದಕ್ಕೆ ಗೊತ್ತಿಲ್ಲ. ಬಹುಪಾಲು ಗೇಜುಗಳು ಲ್ಯಾಂಬ್ಡಾವನ್ನು 14.7ರಿಂದ ಗುಣಿಸಿ ಪರದೆಯ ಮೇಲೆ ತೋರಿಸುತ್ತವೆ. ಇ20 ತುಂಬಿದ ಗಾಡಿಯಲ್ಲಿ ಗೇಜು 14.7 ತೋರಿಸಿದರೆ ನಿಜವಾದ ಅನುಪಾತ 13.5. ಮಿಶ್ರಣ ಸರಿಯಾಗಿಯೇ ಇದೆ, ಗೇಜಿನ ಅಂಕಿ ಮಾತ್ರ ಬರೀ ಪೆಟ್ರೋಲಿನದು. ಇದು ಗೊತ್ತಿಲ್ಲದೆ 13.5 ತೋರಿಸುವವರೆಗೆ ಎಣ್ಣೆ ಸುರಿದರೆ ಲ್ಯಾಂಬ್ಡಾ 0.92ಕ್ಕೆ ಇಳಿದಿರುತ್ತದೆ. ಆದ್ದರಿಂದ ಗೇಜನ್ನು ಮೊದಲು ಲ್ಯಾಂಬ್ಡಾಕ್ಕೆ ಬದಲಾಯಿಸಿಕೊಳ್ಳಿ.

ಟೇಬಲ್ ಒಳಗೇನಿದೆ

ಮೆಗಾಸ್ಕ್ವರ್ಟ್, ಸ್ಪೀಡುಯಿನೊ ತರಹದ ಇಸಿಯುಗಳಲ್ಲಿ ಫ್ಯೂಯೆಲ್ ಟೇಬಲ್ ಸಾಮಾನ್ಯವಾಗಿ 16 ಸಾಲು, 16 ಕಂಬಗಳ ಚೌಕಟ್ಟು. ಒಂದು ಬದಿ ಆರ್‌ಪಿಎಂ, ಇನ್ನೊಂದು ಬದಿ ಇನ್‌ಟೇಕ್ ಮ್ಯಾನಿಫೋಲ್ಡಿನ ಒತ್ತಡ. ಪ್ರತಿ ಮನೆಯಲ್ಲಿರುವ ಸಂಖ್ಯೆ, ಆ ಒತ್ತಡದ ಗಾಳಿಯಿಂದ ಸಿಲಿಂಡರ್ ಶೇಕಡ ಎಷ್ಟು ತುಂಬುತ್ತದೆ ಎಂಬುದನ್ನು ಹೇಳುತ್ತದೆ. ಅದಕ್ಕೆ ವಿಇ ಎನ್ನುತ್ತಾರೆ.

ಒಂದು ಮನೆಯನ್ನು ಬಿಡಿಸಿ ನೋಡೋಣ. 1300 ಸಿಸಿಯ ನಾಲ್ಕು ಸಿಲಿಂಡರ್ ಎಂಜಿನ್, 3000 ಆರ್‌ಪಿಎಂ, ಒತ್ತಡ 60 ಕಿಲೋಪ್ಯಾಸ್ಕಲ್, ಒಳಬರುವ ಗಾಳಿಯ ಉಷ್ಣತೆ 40 ಡಿಗ್ರಿ, ವಿಇ 62. ಒಂದು ಸಿಲಿಂಡರ್ 325 ಸಿಸಿ. ಅದರೊಳಗೆ ಹೋಗುವ ಗಾಳಿ ಸುಮಾರು 0.135 ಗ್ರಾಂ. ಬರೀ ಪೆಟ್ರೋಲಾದರೆ ಅದಕ್ಕೆ 9.2 ಮಿಲಿಗ್ರಾಂ ಬೇಕು, ಇ20 ಆದರೆ 10 ಮಿಲಿಗ್ರಾಂ. ಮಿಲಿಸೆಕೆಂಡಿಗೆ 2.5 ಮಿಲಿಗ್ರಾಂ ಹಾಯಿಸುವ ಇಂಜೆಕ್ಟರ್ ಮೊದಲನೆಯದಕ್ಕೆ 3.7 ಮಿಲಿಸೆಕೆಂಡ್, ಎರಡನೆಯದಕ್ಕೆ 4 ಮಿಲಿಸೆಕೆಂಡ್ ತೆರೆದಿರಬೇಕು. ಇದರ ಮೇಲೆ ಇಂಜೆಕ್ಟರ್ ತೆರೆದುಕೊಳ್ಳಲು ತಗಲುವ ಸುಮಾರು 1 ಮಿಲಿಸೆಕೆಂಡಿನ ಡೆಡ್ ಟೈಮ್ ಸೇರುತ್ತದೆ. 0.3 ಮಿಲಿಸೆಕೆಂಡಿನ ಈ ವ್ಯತ್ಯಾಸವೇ ಎಂಜಿನ್ ಸರಾಗವಾಗಿ ಓಡುವುದಕ್ಕೂ ಮಿಸ್ಸಿಂಗ್ ಹೊಡೆಯುವುದಕ್ಕೂ ಇರುವ ಅಂತರ.

ನಮ್ಮ ಭಾಗದವರು ಇನ್ನೊಂದು ಸಂಗತಿ ಗಮನಿಸಬೇಕು. ಸಮುದ್ರಮಟ್ಟದಿಂದ ಐನೂರು, ಆರುನೂರು ಮೀಟರ್ ಎತ್ತರದಲ್ಲಿ ವಾತಾವರಣದ ಒತ್ತಡವೇ 95 ಕಿಲೋಪ್ಯಾಸ್ಕಲ್ ಆಸುಪಾಸು. ಟರ್ಬೊ ಇಲ್ಲದ ಎಂಜಿನ್ ಫುಲ್ ಥ್ರಾಟಲ್‌ನಲ್ಲೂ ಟೇಬಲಿನ 100ರ ಸಾಲನ್ನು ಪೂರ್ತಿ ಮುಟ್ಟುವುದಿಲ್ಲ. ಆ ಸಾಲನ್ನು ಅದರ ಕೆಳಗಿನ ಸಾಲುಗಳ ಏರಿಕೆ ನೋಡಿ ತುಂಬಿಸಿ. ಹಾಗೇ ಬಿಟ್ಟರೆ ಗಾಡಿ ಮಂಗಳೂರಿಗೆ ಇಳಿದ ದಿನ ತೊಂದರೆ ಕೊಡುತ್ತದೆ.

ಸೆನ್ಸರ್ ಕೆಲಸ ಮಾಡುವ ರೀತಿ

ಕಾರುಗಳಲ್ಲಿ ಲ್ಯಾಂಬ್ಡಾ ಸೆನ್ಸರ್ ಬಳಕೆ ಶುರುವಾದದ್ದು 1976ರಲ್ಲಿ. ಬಾಷ್ ತಯಾರಿಸಿದ್ದನ್ನು ಅಮೆರಿಕದ ಮಾರುಕಟ್ಟೆಯ ವೋಲ್ವೊ ಕಾರುಗಳಿಗೆ ಹಾಕಿದರು. 1951ರಲ್ಲಿ ಬೆಂಗಳೂರಿನಲ್ಲಿ ಹುಟ್ಟಿ, ನಮ್ಮ ಗ್ಯಾರೇಜುಗಳಿಗೆ ಪ್ಲಗ್ ಮೂಲಕ ಪರಿಚಯವಾದ ಮೈಕೋ ಇದೇ ಬಾಷ್ ಬಳಗದ್ದು.

ಹಳೆಯ ನ್ಯಾರೋಬ್ಯಾಂಡ್ ಸೆನ್ಸರ್ ರಿಚ್ ಇದ್ದಾಗ ಸುಮಾರು 0.9 ವೋಲ್ಟ್, ಲೀನ್ ಇದ್ದಾಗ 0.1 ವೋಲ್ಟ್ ಕೊಡುತ್ತದೆ. ನಡುವೆ ಲ್ಯಾಂಬ್ಡಾ 1ರ ಬಳಿ ಥಟ್ಟನೆ ಹೊರಳುತ್ತದೆ. ರಿಚ್ ಎಂದು ಹೇಳುತ್ತದೆ, ಎಷ್ಟು ರಿಚ್ ಎಂದು ಹೇಳಲಾರದು.

ವೈಡ್‌ಬ್ಯಾಂಡಿನಲ್ಲಿ ಎರಡು ಕೋಶಗಳಿವೆ. ಒಂದು ಕೋಶ ಸಣ್ಣ ಕುಹರದಲ್ಲಿರುವ ಹೊಗೆಯನ್ನು ಅಳೆಯುತ್ತದೆ. ಇನ್ನೊಂದು, ಕರೆಂಟ್ ಹರಿಸಿ ಆ ಕುಹರದಿಂದ ಆಮ್ಲಜನಕವನ್ನು ಹೊರಗೆ ದಬ್ಬುತ್ತದೆ ಇಲ್ಲವೇ ಒಳಗೆ ಎಳೆಯುತ್ತದೆ. ಕುಹರ ಯಾವಾಗಲೂ ಲ್ಯಾಂಬ್ಡಾ 1ರಲ್ಲಿ ನಿಲ್ಲುವಂತೆ ಕಂಟ್ರೋಲರ್ ನೋಡಿಕೊಳ್ಳುತ್ತದೆ. ಹಾಗೆ ನಿಲ್ಲಿಸಲು ಬೇಕಾದ ಕರೆಂಟೇ ನಮ್ಮ ಅಳತೆ: ಲ್ಯಾಂಬ್ಡಾ 1ರಲ್ಲಿ ಸೊನ್ನೆ, ಲೀನ್ ಆದರೆ ಒಂದು ದಿಕ್ಕು, ರಿಚ್ ಆದರೆ ಎದುರು ದಿಕ್ಕು. ಹೆಚ್ಚು ಬಳಕೆಯಲ್ಲಿರುವ ಎಲ್‌ಎಸ್‌ಯು 4.9 ಸೆನ್ಸರ್ 0.65 ಲ್ಯಾಂಬ್ಡಾದಿಂದ ಬಯಲು ಗಾಳಿಯವರೆಗೆ ಅಳೆಯುತ್ತದೆ. ಅದರ ತಲೆ ಸುಮಾರು 780 ಡಿಗ್ರಿ ಸೆಲ್ಸಿಯಸ್‌ನಲ್ಲಿ ಕೆಲಸ ಮಾಡುತ್ತದೆ.

ಇಷ್ಟು ಕಾದ ಸೆರಾಮಿಕ್ ಮೇಲೆ ಒಂದು ಹನಿ ನೀರು ಬಿದ್ದರೂ ಬಿರುಕು. ಆದ್ದರಿಂದ ಸೆನ್ಸರನ್ನು ಪೈಪಿನ ಮೇಲ್ಭಾಗದಲ್ಲಿ, ಅಡ್ಡಗೆರೆಯಿಂದ ಕನಿಷ್ಠ 10 ಡಿಗ್ರಿ ಮೇಲಕ್ಕೆ ಬರುವಂತೆ ಬಾಗಿಸಿ ಕೂರಿಸಬೇಕು. ಕ್ಯಾಟಲಿಟಿಕ್ ಕನ್ವರ್ಟರಿಗಿಂತ ಮೊದಲು, ಎಲ್ಲ ಸಿಲಿಂಡರುಗಳ ಹೊಗೆ ಕೂಡುವ ಜಾಗದಿಂದ ಸ್ವಲ್ಪ ಮುಂದೆ ಇರಲಿ. ಎಂಜಿನ್ ಓಡುತ್ತಿರುವಾಗ ಸೆನ್ಸರ್ ಹೀಟರ್ ಬಂದ್ ಇರಬಾರದು, ಮಸಿ ಕಟ್ಟಿ ಕೆಡುತ್ತದೆ. ಸಿಲಿಕಾನ್ ಸೀಲಂಟ್ ಮತ್ತು ಉರಿಯುವ ಎಂಜಿನ್ ಆಯಿಲ್ ಕೂಡ ಅದಕ್ಕೆ ಹಗೆ.

ಟೇಬಲ್ ಮುಟ್ಟುವ ಮೊದಲು

ಎಂಜಿನ್ನಿನ ಆರೋಗ್ಯ ನೋಡಿ. ವಾಲ್ವ್ ಕ್ಲಿಯರೆನ್ಸ್, ಕಂಪ್ರೆಶನ್, ಪ್ಲಗ್, ಇಗ್ನಿಷನ್ ಟೈಮಿಂಗ್, ಫ್ಯೂಯೆಲ್ ಪ್ರೆಶರ್, ಏರ್ ಫಿಲ್ಟರ್ ಎಲ್ಲ ಸರಿ ಇರಬೇಕು. ಸೆನ್ಸರಿಗಿಂತ ಮೊದಲು ಸೈಲೆನ್ಸರ್ ಪೈಪಿನಲ್ಲಿ ಲೀಕ್ ಇದ್ದರೆ ಐಡಲಿನಲ್ಲಿ ಹೊರಗಿನ ಗಾಳಿ ಒಳನುಗ್ಗಿ, ಮಿಶ್ರಣ ಸರಿ ಇದ್ದರೂ ಲೀನ್ ಎಂದು ತೋರಿಸುತ್ತದೆ. ಒಂದು ಸಿಲಿಂಡರ್ ಮಿಸ್ ಆದರೂ ಹಾಗೆಯೇ: ಉರಿಯದ ಎಣ್ಣೆಯನ್ನು ಸೆನ್ಸರ್ ಸರಿಯಾಗಿ ಕಾಣದು, ಉಳಿದ ಆಮ್ಲಜನಕವನ್ನು ಕಾಣುತ್ತದೆ. ಆಗ ಎಣ್ಣೆ ಏರಿಸಿದರೆ ರೋಗ ಹೆಚ್ಚುತ್ತದೆ.

ಆಮೇಲೆ ಟ್ಯಾಂಕಿನಲ್ಲಿ ಏನಿದೆ ತಿಳಿದುಕೊಳ್ಳಿ. 100 ಮಿಲಿಲೀಟರಿನ ಗೆರೆ ಹಾಕಿದ ಗಾಜಿನ ಕೊಳವೆಯಲ್ಲಿ 10 ಮಿಲಿಲೀಟರ್ ನೀರು, 90 ಮಿಲಿಲೀಟರ್ ಪೆಟ್ರೋಲ್ ಹಾಕಿ, ಮುಚ್ಚಿ ಕುಲುಕಿ ನಿಲ್ಲಿಸಿ. ಎಥೆನಾಲ್ ನೀರಿನೊಂದಿಗೆ ತಳಕ್ಕೆ ಇಳಿಯುತ್ತದೆ. ತಳದ ಪದರ 19ರ ಹತ್ತಿರ ನಿಂತರೆ ಇ10, 28ರ ಹತ್ತಿರ ನಿಂತರೆ ಇ20. ಇದನ್ನು ಬಯಲಿನಲ್ಲಿ, ಬೀಡಿ, ಬೆಂಕಿಯಿಂದ ದೂರ ಮಾಡಬೇಕು.

ಲಾಗ್ ತೆಗೆದು ತಿದ್ದುವುದು

ಕೂಲಂಟ್ 80 ಡಿಗ್ರಿ ದಾಟುವವರೆಗೆ ಕಾಯಿರಿ. ಇಸಿಯು ತಾನಾಗಿ ಮಾಡಿಕೊಳ್ಳುವ ಲ್ಯಾಂಬ್ಡಾ ತಿದ್ದುಪಡಿ ಬಂದ್ ಮಾಡಿ, ಇಲ್ಲದಿದ್ದರೆ ಟೇಬಲಿನ ನಿಜವಾದ ತಪ್ಪು ಮುಚ್ಚಿಹೋಗುತ್ತದೆ. ಗುರಿ ಹಾಕಿಕೊಳ್ಳಿ: ಸಮವೇಗದ ಓಟಕ್ಕೆ ಲ್ಯಾಂಬ್ಡಾ 1.00, ಐಡಲಿಗೆ 0.95ರಿಂದ 1.00, ಫುಲ್ ಥ್ರಾಟಲಿಗೆ 0.86ರಿಂದ 0.90.

ಗಾಡಿಯನ್ನು ನಿಂತಲ್ಲೇ ಓಡಿಸಿ ಅಳೆಯುವ ಡೈನೊ ಇದ್ದರೆ ಅದರ ಮೇಲೆ ಮಾಡುವುದೇ ಒಳ್ಳೆಯದು. ರಸ್ತೆಯಲ್ಲಾದರೆ ಖಾಲಿ ರಸ್ತೆ, ಇಬ್ಬರು ಜನ: ಓಡಿಸುವವನು ರಸ್ತೆಯನ್ನೇ ನೋಡಬೇಕು, ಲ್ಯಾಪ್‌ಟಾಪಿನಲ್ಲಿ ಅಳತೆಗಳ ದಾಖಲೆ, ಅಂದರೆ ಲಾಗ್, ತೆಗೆಯುವುದು ಪಕ್ಕದವನ ಕೆಲಸ. ಕಬ್ಬು ಕಡಿಯುವ ಹಂಗಾಮಿನಲ್ಲಿ ಎರಡೆರಡು ಟ್ರೇಲರ್ ಎಳೆಯುವ ಟ್ರ್ಯಾಕ್ಟರುಗಳು ಓಡಾಡುವ ದಾರಿಯಲ್ಲಿ ಈ ಕೆಲಸ ಬೇಡವೇ ಬೇಡ.

ಥ್ರಾಟಲ್ ಅಲುಗಿಸದೆ ಒಂದೊಂದು ಮನೆಯಲ್ಲಿ ಕೆಲವು ಸೆಕೆಂಡ್ ನಿಲ್ಲಿ. ಹೊಗೆ ಸೆನ್ಸರಿಗೆ ತಲುಪಲು ಸಮಯ ಬೇಕು, ವಿಶೇಷವಾಗಿ ಐಡಲಿನಲ್ಲಿ. ಆಕ್ಸಿಲರೇಟರ್ ಒತ್ತಿದ, ಬಿಟ್ಟ ಕ್ಷಣದ ಅಳತೆಗಳನ್ನು ಲಾಗಿನಿಂದ ತೆಗೆದುಹಾಕಿ. ಉಳಿದ ಅಳತೆಗಳ ಸರಾಸರಿಗೆ ಸೂತ್ರ ಒಂದೇ: ಹಳೆಯ ವಿಇಯನ್ನು ಅಳೆದ ಲ್ಯಾಂಬ್ಡಾದಿಂದ ಗುಣಿಸಿ, ಗುರಿಯ ಲ್ಯಾಂಬ್ಡಾದಿಂದ ಭಾಗಿಸಿ. ಮೇಲಿನ ಮನೆಯಲ್ಲಿ ವಿಇ 62, ಅಳೆದದ್ದು 1.08, ಗುರಿ 1.00 ಆದರೆ ಹೊಸ ವಿಇ 67. ಅಕ್ಕಪಕ್ಕದ ಮನೆಗಳನ್ನೂ ಅದಕ್ಕೆ ತಕ್ಕಂತೆ ಏರಿಸಿ. ಒಂದೇ ಮನೆ ಗೂಟದಂತೆ ಎದ್ದು ನಿಂತಿದ್ದರೆ ಅದು ಬಹುತೇಕ ಕೆಟ್ಟ ಅಳತೆಯ ಗುರುತು.

ಕಡಿಮೆ ಲೋಡಿನಿಂದ ಮೇಲಕ್ಕೆ ಹೋಗಿ. ಮೇಲಿನ ಮನೆಗಳನ್ನು ರಿಚ್ ಇಟ್ಟುಕೊಂಡು ಮೆಲ್ಲಗೆ ಇಳಿಸುತ್ತ ಬನ್ನಿ. ಫುಲ್ ಥ್ರಾಟಲ್‌ನಲ್ಲಿ ಲ್ಯಾಂಬ್ಡಾ 0.95 ದಾಟಿದರೆ ಇಲ್ಲವೇ ನಾಕಿಂಗ್ ಸದ್ದು ಕೇಳಿದರೆ ಆ ಕ್ಷಣವೇ ಕಾಲು ತೆಗೆಯಿರಿ. ಪಿಸ್ಟನ್ ತೂತಾಗಲು ಹೆಚ್ಚು ಹೊತ್ತು ಬೇಕಿಲ್ಲ. ಅತಿ ರಿಚ್ ಕೂಡ ಒಳ್ಳೆಯದಲ್ಲ: ಸಿಲಿಂಡರ್ ಗೋಡೆಯ ಆಯಿಲ್ ತೊಳೆದುಹೋಗಿ ಬೋರ್ ಸವೆಯುತ್ತದೆ.

ತಪ್ಪಿನ ನಮೂನೆ ಓದಿ

ಟ್ಯೂನಿಂಗ್ ಕೆಲಸದ ತಿರುಳು ಇರುವುದು ಇಲ್ಲಿ. ಲಾಗ್ ಕೈಗೆ ಬಂದ ಕೂಡಲೇ ಮನೆಮನೆ ತಿದ್ದಲು ಕೂರಬೇಡಿ. ತಪ್ಪು ಟೇಬಲಿನ ಯಾವ ಭಾಗದಲ್ಲಿ, ಯಾವ ಅಳತೆಯಲ್ಲಿ ಹರಡಿದೆ ನೋಡಿ.

ಎಲ್ಲ ಮನೆಗಳೂ ಶೇ 8, 9ರಷ್ಟು ಲೀನ್ ಇದ್ದರೆ ಎಂಜಿನ್ ಗಾಳಿ ಎಳೆಯುವ ರೀತಿ ಬದಲಾಗಿಲ್ಲ, ಇಂಧನ ಬದಲಾಗಿದೆ. ಇಸಿಯುವಿನಲ್ಲಿರುವ ಗಾಳಿ ಮತ್ತು ಎಣ್ಣೆಯ ಮೂಲ ಅನುಪಾತವನ್ನು 14.7ರಿಂದ 13.5ಕ್ಕೆ ತಂದರೆ ಸಾಕು. ಟೇಬಲ್ ಹಾಗೇ ಇರಲಿ. ಐಡಲ್ ಮತ್ತು ಕಡಿಮೆ ಲೋಡಿನಲ್ಲಿ ಮಾತ್ರ ತಪ್ಪಿದ್ದರೆ ಡೆಡ್ ಟೈಮ್ ಸರಿಯಿಲ್ಲ. ಇಂಜೆಕ್ಟರ್ ಸ್ವಲ್ಪವೇ ಹೊತ್ತು ತೆರೆದಿರುವಾಗ ಆ ತಪ್ಪು ದೊಡ್ಡದಾಗಿ ಕಾಣುತ್ತದೆ. ಹೆಚ್ಚಿನ ಆರ್‌ಪಿಎಂ, ಹೆಚ್ಚಿನ ಲೋಡ್ ಎರಡೂ ಕೂಡಿದಾಗ ಮಾತ್ರ ಲೀನ್ ಆದರೆ ಪಂಪ್ ಸೋತಿದೆ, ಫಿಲ್ಟರ್ ಕಟ್ಟಿದೆ ಇಲ್ಲವೇ ಇಂಜೆಕ್ಟರ್ ಚಿಕ್ಕದಾಗಿದೆ. ಟೇಬಲಿನಲ್ಲಿ ಎಷ್ಟು ಏರಿಸಿದರೂ ಬಾರದ ಎಣ್ಣೆ ಬರುವುದಿಲ್ಲ. ಇವೆಲ್ಲ ಕಳೆದ ಮೇಲೂ ಒಂದು ಭಾಗದಲ್ಲಿ ಉಳಿಯುವ ತಪ್ಪು ಮಾತ್ರ ವಿಇ ಟೇಬಲಿನದು.

ಯಾರಿಗೆ ಬೇಕು, ಯಾರಿಗೆ ಬೇಡ

ದಿನಬಳಕೆಯ ಇಂಜೆಕ್ಷನ್ ಕಾರಿಗೆ ಇದು ಬೇಡ. ಅದರ ಸೆನ್ಸರ್ ಮತ್ತು ಇಸಿಯು ಸಮವೇಗದ ಓಟದಲ್ಲಿ ಇ20ಯ ವ್ಯತ್ಯಾಸವನ್ನು ಸಾಮಾನ್ಯವಾಗಿ ತಾವೇ ಸರಿದೂಗಿಸುತ್ತವೆ. ರಸ್ತೆಯ ವಾಹನದಲ್ಲಿ ಬದಲಾವಣೆ ಮಾಡುವುದಕ್ಕೆ ಮೋಟಾರು ವಾಹನ ಕಾಯ್ದೆಯ 52ನೇ ಕಲಮಿನ ನಿರ್ಬಂಧಗಳಿವೆ. ಹೊಗೆ ತಪಾಸಣೆಯ ನಿಯಮಗಳೂ ಇವೆ, ಅವನ್ನು ಮೀರಬಾರದು. ಟೇಬಲ್ ತಿದ್ದುವ ಅಗತ್ಯ ಬೀಳುವುದು ರ್ಯಾಲಿ, ರೇಸ್ ಗಾಡಿಗಳಿಗೆ ಮತ್ತು ಎಂಜಿನಿಯರಿಂಗ್ ವಿದ್ಯಾರ್ಥಿಗಳು ಕಟ್ಟುವ ಫಾರ್ಮುಲಾ ಕಾರುಗಳಿಗೆ. ವಿದ್ಯಾರ್ಥಿಗಳ ಆ ಸ್ಪರ್ಧೆಗಳಲ್ಲಿ ಪೆಟ್ರೋಲ್ ಎಂಜಿನ್ನಿನ ಗಾಳಿಯೆಲ್ಲ 20 ಮಿಲಿಮೀಟರಿನ ಕಿಂಡಿಯಿಂದಲೇ ಹೋಗಬೇಕೆಂಬ ನಿಯಮ ಇರುವುದರಿಂದ ಕಂಪನಿಯ ಟೇಬಲ್ ಉಪಯೋಗಕ್ಕೆ ಬರುವುದಿಲ್ಲ.

ಕಾರ್ಬುರೇಟರ್ ಬೈಕಿಗೆ ಟೇಬಲ್ ಇಲ್ಲ, ಆದರೆ ವೈಡ್‌ಬ್ಯಾಂಡ್ ಉಪಯೋಗ ಅದಕ್ಕೂ ಇದೆ. ಬರೀ ಪೆಟ್ರೋಲಿನಲ್ಲಿ 0.95ಕ್ಕೆ ಹೊಂದಿಸಿದ ಜೆಟ್ ಇ20ಯಲ್ಲಿ ಸುಮಾರು 1.03ಕ್ಕೆ ಹೋಗುತ್ತದೆ. ಸೂಜಿಯನ್ನು ಎಷ್ಟು ಎತ್ತಬೇಕು, ಜೆಟ್ ಬದಲಿಸಬೇಕೇ ಎಂಬುದನ್ನು ಪ್ಲಗ್ಗಿನ ಬಣ್ಣ ನೋಡಿ ಊಹಿಸುವ ಬದಲು ಅಳೆದು ಹೇಳಬಹುದು. ಜಮಖಂಡಿ, ಮುಧೋಳ, ಬೀಳಗಿ, ಬನಹಟ್ಟಿಯಲ್ಲಿ ಸದ್ದು ಕೇಳಿಯೇ ಮಿಕ್ಸಿಂಗ್ ಹಿಡಿಯುವ ಮೆಕ್ಯಾನಿಕ್‌ಗಳಿಗೆ ಈ ವಿದ್ಯೆ ಹೊಸದಲ್ಲ. ಅವರ ಕಿವಿಗೆ ಒಂದು ಅಂಕಿ ಜೊತೆಯಾದರೆ ಕೆಲಸ ಇನ್ನೂ ಗಟ್ಟಿಯಾಗುತ್ತದೆ.

ಪ್ರತಿ ಲಾಗಿನ ಜೊತೆ ದಿನಾಂಕ, ಕೊಳವೆಯಲ್ಲಿ ಕಂಡ ಎಥೆನಾಲ್ ಪ್ರಮಾಣ, ಗಾಳಿಯ ಉಷ್ಣತೆ, ಫ್ಯೂಯೆಲ್ ಪ್ರೆಶರ್ ಬರೆದಿಡಿ. ಹಳೆಯ ಟೇಬಲನ್ನು ಅಳಿಸದೆ ಬೇರೆ ಹೆಸರಿನಲ್ಲಿ ಉಳಿಸಿಡಿ. ನಾಳೆ ಬಂಕಿನಲ್ಲಿ ಎಥೆನಾಲ್ ಪ್ರಮಾಣ ಮತ್ತೆ ಏರಿದರೂ, ಎಂಜಿನ್ನಿನ ಗಾಳಿಯ ಲೆಕ್ಕ ಒಮ್ಮೆ ಸರಿಯಾಗಿ ಕೂತಿದ್ದರೆ ಬದಲಾಯಿಸಬೇಕಾದದ್ದು ಒಂದೇ ಒಂದು ಅನುಪಾತ.