ಇನ್‌ಸ್ಟಾಲ್ ನಿಂತದ್ದು ಯಾವ ಹಂತದಲ್ಲಿ?

ಬೆಂಗಳೂರಿನ ಎಸ್.ಪಿ. ರಸ್ತೆಯಲ್ಲೋ, ಡಲ್ಲಾಸಿನ ಮೈಕ್ರೊ ಸೆಂಟರ್ ಮಳಿಗೆಯಲ್ಲೋ ಒಂದೊಂದೇ ಬಿಡಿಭಾಗ ಆರಿಸಿ ತಂದು ಕಂಪ್ಯೂಟರ್ ಜೋಡಿಸುತ್ತೇವೆ. ಮದರ್‌ಬೋರ್ಡ್ ಒಂದು ಕಂಪನಿಯದು, ಪ್ರೊಸೆಸರ್ ಇನ್ನೊಂದರದು, ಗ್ರಾಫಿಕ್ಸ್ ಕಾರ್ಡ್ ಮತ್ತೊಂದರದು. ಆದರೂ ಸ್ವಿಚ್ ಒತ್ತಿದೊಡನೆ ಎಲ್ಲವೂ ಒಟ್ಟಿಗೆ ಎದ್ದು ಕೂರುತ್ತವೆ. ಈ ಅನುಕೂಲ ತಾನಾಗಿ ಬಂದದ್ದಲ್ಲ. ಅದರ ಮೂಲ ಟೆಕ್ಸಾಸ್‌ನ ಹ್ಯೂಸ್ಟನ್‌ನಲ್ಲಿದೆ.

1981ರಲ್ಲಿ ಐಬಿಎಂ ತನ್ನ ಪಿಸಿಯನ್ನು ಮಾರುಕಟ್ಟೆಗೆ ತಂದಾಗ ಅದರ ಬಹುತೇಕ ಬಿಡಿಭಾಗಗಳು ಯಾರಿಗೆ ಬೇಕಾದರೂ ಸಿಗುತ್ತಿದ್ದವು. ಐಬಿಎಂ ಒಡೆತನದ್ದೆಂದರೆ ಮುಖ್ಯವಾಗಿ ಬಯಾಸ್. ಅದು ಯಂತ್ರವನ್ನು ಎಬ್ಬಿಸಿ ಆಪರೇಟಿಂಗ್ ಸಿಸ್ಟಂ ಕೈಗೆ ಒಪ್ಪಿಸುವ ಎಂಟು ಕಿಲೋಬೈಟಿನ ಪ್ರೋಗ್ರಾಂ. ಅದರ ಪೂರ್ತಿ ಕೋಡನ್ನು ಐಬಿಎಂ ತನ್ನ ಕೈಪಿಡಿಯಲ್ಲೇ ಅಚ್ಚು ಹಾಕಿತ್ತು. ಹಾಗಾಗಿ ಅದನ್ನು ಓದಿದವರು ಏನೇ ಬರೆದರೂ ನಕಲು ಎನ್ನಿಸಿಕೊಳ್ಳುವ ಅಪಾಯವಿತ್ತು. ಟೆಕ್ಸಾಸ್ ಇನ್‌ಸ್ಟ್ರುಮೆಂಟ್ಸ್ ಬಿಟ್ಟು ಬಂದ ರಾಡ್ ಕ್ಯಾನಿಯನ್, ಜಿಮ್ ಹ್ಯಾರಿಸ್, ಬಿಲ್ ಮರ್ಟೊ ಎಂಬ ಮೂವರು 1982ರಲ್ಲಿ ಹ್ಯೂಸ್ಟನ್‌ನಲ್ಲಿ ಕಾಂಪ್ಯಾಕ್ ಕಂಪನಿ ಕಟ್ಟಿದರು. ಅಲ್ಲಿ ಒಂದು ತಂಡ ಬಯಾಸ್ ಏನೇನು ಕೆಲಸ ಮಾಡುತ್ತದೆ ಎಂಬುದನ್ನಷ್ಟೇ ಪಟ್ಟಿ ಮಾಡಿತು. ಐಬಿಎಂ ಕೋಡನ್ನು ಕಣ್ಣಿಂದಲೂ ನೋಡದ ಇನ್ನೊಂದು ತಂಡ ಆ ಪಟ್ಟಿಯನ್ನು ಮುಂದಿಟ್ಟುಕೊಂಡು ಹೊಸದಾಗಿ ಬರೆಯಿತು. ಐಬಿಎಂ ಪಿಸಿಗೆಂದು ಬರೆದ ಸಾಫ್ಟ್‌ವೇರ್ ಐಬಿಎಂ ಮಾಡದ ಯಂತ್ರದಲ್ಲಿ ಓಡಿತು. ಆಮೇಲೆ ಬೇರೆಯವರೂ ಅದೇ ಹಾದಿ ಹಿಡಿದರು. 1984ರಲ್ಲಿ ಮೈಕೆಲ್ ಡೆಲ್ ಆಸ್ಟಿನ್‌ನ ವಿದ್ಯಾರ್ಥಿ ಕೋಣೆಯಿಂದ ಪಿಸಿ ಮಾರಲು ಹೊರಟದ್ದೂ ತೆರೆದ ಈ ಬಾಗಿಲಿನಿಂದಲೇ. ನಮ್ಮ ಅಸೆಂಬಲ್ಡ್ ಕಂಪ್ಯೂಟರ್ ಆ ವಂಶದ್ದು.

ಆ ಯಂತ್ರಕ್ಕೆ, ಅದಕ್ಕೆಂದು ತಯಾರಾಗದ ಆಪರೇಟಿಂಗ್ ಸಿಸ್ಟಂ ಹಾಕಲು ಹೋದಾಗ ಕೆಲಸ ಅರ್ಧದಲ್ಲಿ ನಿಲ್ಲುವುದುಂಟು. ಆಗ ಹೆಚ್ಚಿನವರು ಕೈಗೆ ಸಿಕ್ಕ ಸೆಟ್ಟಿಂಗ್‌ಗಳನ್ನೆಲ್ಲ ಒಮ್ಮೆಗೇ ಬದಲಾಯಿಸುತ್ತಾರೆ. ಮೊದಲು ನೋಡಬೇಕಾದದ್ದು ಒಂದೇ: ಯಾವ ಹಂತದಲ್ಲಿ ನಿಂತಿತು?

ಈಗಿನ ಮದರ್‌ಬೋರ್ಡುಗಳಲ್ಲಿ ಹಳೆಯ ಬಯಾಸ್ ಜಾಗದಲ್ಲಿ ಯುಇಎಫ್‌ಐ ಇದೆ. ಅದು ಪೆನ್‌ಡ್ರೈವಿನಲ್ಲಿ ಬೂಟ್‌ಲೋಡರನ್ನು ಹುಡುಕಿ ಓಡಿಸುತ್ತದೆ. ಪೆನ್‌ಡ್ರೈವ್ ಪಟ್ಟಿಯಲ್ಲೇ ಕಾಣದಿದ್ದರೆ ಅಥವಾ ಲೋಗೊ ಮೂಡುವ ಮೊದಲೇ ತಡೆ ಬಿದ್ದರೆ ತೊಂದರೆ ಈ ಹಂತದ್ದು: ಪೆನ್‌ಡ್ರೈವನ್ನು ತಪ್ಪು ಬಗೆಯಲ್ಲಿ ತಯಾರಿಸಿರಬಹುದು, ಇಲ್ಲವೇ ಸೆಕ್ಯೂರ್ ಬೂಟ್ ಆ ಬೂಟ್‌ಲೋಡರಿನ ಸಹಿಯನ್ನು ಒಪ್ಪದಿರಬಹುದು. ಡ್ರೈವರ್ ಹುಡುಕಿ ಅಲ್ಲಿ ಪ್ರಯೋಜನವಿಲ್ಲ.

ಅದನ್ನು ದಾಟಿದರೆ ಆಪರೇಟಿಂಗ್ ಸಿಸ್ಟಂನ ತಿರುಳಾದ ಕರ್ನೆಲ್ ಏಳುತ್ತದೆ. ಎದ್ದೊಡನೆ ಅದು ಓದುವುದು ಎಸಿಪಿಐ ಕೋಷ್ಟಕಗಳನ್ನು. ಇವು ಮದರ್‌ಬೋರ್ಡಿನ ಪಹಣಿ ಇದ್ದಂತೆ: ಯಾವ ಸಾಧನ ಎಲ್ಲಿದೆ, ಯಾವುದನ್ನು ಹೇಗೆ ಮಲಗಿಸಬೇಕು, ಹೇಗೆ ಎಬ್ಬಿಸಬೇಕು ಎಂಬುದೆಲ್ಲ ಅಲ್ಲಿ ದಾಖಲಾಗಿರುತ್ತದೆ. ಬಹುತೇಕ ತಯಾರಕರು ಇದನ್ನು ಬರೆದು ಪರೀಕ್ಷಿಸುವುದು ವಿಂಡೋಸ್ ಮೇಲೆ. 'ನೀನು ವಿಂಡೋಸಿನ ಯಾವ ಆವೃತ್ತಿಗೆ ಹೊಂದುತ್ತೀ' ಎಂದು ಕೋಷ್ಟಕವೇ ಕೇಳುವುದೂ ಉಂಟು. ಲಿನಕ್ಸ್ ಇದಕ್ಕೆ 'ಹೌದು, ವಿಂಡೋಸಿಗೆ ಹೊಂದುತ್ತೇನೆ' ಎಂದು ಉತ್ತರಿಸುತ್ತದೆ. ಇಲ್ಲವೆಂದರೆ ಯಾರೂ ಸರಿಯಾಗಿ ಪರೀಕ್ಷಿಸದ ದಾರಿಗೆ ಬೀಳುವ ಭಯ. ಹಾಗೆ ಉತ್ತರಿಸಲು ಕಲಿತದ್ದೂ ಲಿನಕ್ಸ್ ಇಷ್ಟೊಂದು ಯಂತ್ರಗಳಲ್ಲಿ ಓಡುವುದಕ್ಕೆ ಒಂದು ಕಾರಣ.

ಪರದೆ ಕಪ್ಪಾಗಿ, ಫ್ಯಾನ್ ಮಾತ್ರ ತಿರುಗುತ್ತಿದ್ದರೆ ಕ್ಯಾಪ್ಸ್ ಲಾಕ್ ಒತ್ತಿ ನೋಡಿ. ಕೀಲಿಮಣೆಯ ದೀಪ ಹತ್ತಿ ಆರುತ್ತಿದ್ದರೆ ಸಿಸ್ಟಂ ಬದುಕಿದೆ. ಕೆಟ್ಟಿರುವುದು ಬಹುಶಃ ಗ್ರಾಫಿಕ್ಸ್ ಡ್ರೈವರ್. ದೀಪ ಅಲುಗದಿದ್ದರೆ ಕರ್ನೆಲ್ಲೇ ನಿಂತಿರುವ ಸಾಧ್ಯತೆ ಹೆಚ್ಚು.

ಇಂಥ ತೊಡಕಿನ ಅತಿ ಕಠಿಣ ಉದಾಹರಣೆ ಹ್ಯಾಕಿಂತೋಷ್, ಅಂದರೆ ಅಸೆಂಬಲ್ಡ್ ಪಿಸಿಯಲ್ಲಿ ಆಪಲ್‌ನ ಮ್ಯಾಕ್‌ಓಎಸ್. 2006ರಲ್ಲಿ ಆಪಲ್ ಇಂಟೆಲ್ ಪ್ರೊಸೆಸರಿಗೆ ಬಂದ ಮೇಲೆ ಇದು ಸಾಧ್ಯವಾಯಿತು. ಆದರೆ ಮ್ಯಾಕ್‌ನಲ್ಲಿ ಮಾತ್ರ ಇರುವ ಎಸ್‌ಎಂಸಿ ಎಂಬ ಚಿಪ್ಪಿನಿಂದ ಮ್ಯಾಕ್‌ಓಎಸ್ ಒಂದು ಕೀಲಿ ಕೇಳುತ್ತದೆ. ಓಪನ್‌ಕೋರ್ ಎಂಬ ಬೂಟ್‌ಲೋಡರ್ ನಡುವೆ ನಿಂತು ಎಸಿಪಿಐ ಕೋಷ್ಟಕಗಳನ್ನು ತಿದ್ದುತ್ತದೆ, ಯಂತ್ರವನ್ನು ಯಾವುದೋ ಐಮ್ಯಾಕ್ ಮಾದರಿಯೆಂದು ಪರಿಚಯಿಸುತ್ತದೆ, ಕೀಲಿಯ ಪ್ರಶ್ನೆಗೆ ಉತ್ತರಿಸುವ ತುಣುಕನ್ನೂ ಸೇರಿಸುತ್ತದೆ. ಬೂಟ್ ಸಾಲಿಗೆ '-v' ಹಾಕಿದರೆ ಆಪಲ್ ಲೋಗೊ ಬದಲು ಸಾಲುಸಾಲು ಬರಹ ಹರಿಯುತ್ತದೆ. ಕೊನೆಯ ಸಾಲು 'ಸ್ಟಿಲ್ ವೇಟಿಂಗ್ ಫಾರ್ ರೂಟ್ ಡಿವೈಸ್' ಎಂದಿದ್ದರೆ ಕರ್ನೆಲ್ ಎದ್ದಿದೆ, ಆದರೆ ತಾನು ಬಂದ ಡಿಸ್ಕನ್ನೇ ಕಳೆದುಕೊಂಡಿದೆ. ಆಗ ಪೆನ್‌ಡ್ರೈವನ್ನು ಬೇರೆ ಯುಎಸ್‌ಬಿ ಪೋರ್ಟಿಗೆ ಹಾಕಿ ನೋಡಿ, ಆಮೇಲೆ ಯುಎಸ್‌ಬಿ ಮತ್ತು ಡಿಸ್ಕ್ ಡ್ರೈವರುಗಳನ್ನು ಪರೀಕ್ಷಿಸಿ. ಒಂದು ಸಲಕ್ಕೆ ಒಂದೇ ಬದಲಾವಣೆ.

ಇಷ್ಟು ಹೇಳಿದ ಮೇಲೆ ಇನ್ನೊಂದನ್ನೂ ಹೇಳಬೇಕು. ಆಪಲ್‌ನ ಪರವಾನಗಿ ತನ್ನ ಯಂತ್ರಗಳ ಹೊರಗೆ ಇದಕ್ಕೆ ಅನುಮತಿ ಕೊಡುವುದಿಲ್ಲ. ಇಂಥ ಪಿಸಿಗಳನ್ನು ಮಾರುತ್ತಿದ್ದ ಸೈಸ್ಟಾರ್ 2009ರಲ್ಲಿ ನ್ಯಾಯಾಲಯದಲ್ಲಿ ಸೋತಿತು. ಇಂಟೆಲ್ ಯಂತ್ರಗಳಿಗೆ 'ಟಾಹೋ' ಆವೃತ್ತಿಯೇ ಕೊನೆ ಎಂದು 2025ರ ಜೂನ್‌ನಲ್ಲಿ ಆಪಲ್ ಘೋಷಿಸಿದೆ. ಯಂತ್ರದ ಒಡಲು ತಿಳಿಯಲು ಹ್ಯಾಕಿಂತೋಷ್ ಒಳ್ಳೆಯ ಪಾಠಶಾಲೆ. ದಿನನಿತ್ಯದ ಕೆಲಸಕ್ಕೆ ಅದನ್ನು ನಂಬುವುದು ಬೇಡ.

ಹೆಚ್ಚು ಮನೆಗಳಿಗೆ ಈಗ ತಟ್ಟಿರುವುದು ವಿಂಡೋಸ್ 11ರ ನಿರಾಕರಣೆ. ಇಲ್ಲಿ ಎರಡು ಬಗೆಯ ಅಡ್ಡಿಗಳಿವೆ. ಟಿಪಿಎಂ 2.0 ಎಂಬ ಭದ್ರತಾ ವ್ಯವಸ್ಥೆ ಇರಬೇಕು, ಇಂಟೆಲ್ ಆದರೆ ಸುಮಾರಾಗಿ ಎಂಟನೆಯ ತಲೆಮಾರಿನ ಪ್ರೊಸೆಸರ್ ಬೇಕು ಎಂಬುದು ಮೈಕ್ರೋಸಾಫ್ಟ್ ಇಟ್ಟ ನಿಯಮ. ಅದಕ್ಕೆ ಭದ್ರತೆಯ ಕಾರಣಗಳಿವೆ, ಆದರೆ ಈ ನಿಯಮಕ್ಕೆ ಹೊಂದದ ಎಷ್ಟೋ ಪ್ರೊಸೆಸರುಗಳಿಗೆ ವಿಂಡೋಸ್ 11 ಓಡಿಸುವ ಶಕ್ತಿ ಇದೆ. ಎರಡನೆಯ ಬಗೆ ಬೇರೆ. 2024ರ 24ಎಚ್2 ಆವೃತ್ತಿಗೆ 'ಪಾಪ್‌ಕೌಂಟ್' ಎಂಬ ಆಜ್ಞೆ ಬೇಕೇ ಬೇಕು. ಒಂದು ಸಂಖ್ಯೆಯಲ್ಲಿ ಎಷ್ಟು ಬಿಟ್‌ಗಳು 1 ಇವೆ ಎಂದು ಎಣಿಸುವ ಆಜ್ಞೆ ಅದು. ಕೋರ್ 2 ಡ್ಯುಯೋ ಕಾಲದ ಇಂಟೆಲ್ ಪ್ರೊಸೆಸರುಗಳಲ್ಲಿ ಅದು ಇಲ್ಲ. ನಿಯಮವನ್ನು ತಪ್ಪಿಸುವ ಉಪಾಯಗಳು ಇಂಥ ಪ್ರೊಸೆಸರಿನಲ್ಲಿ ನಡೆಯುವುದಿಲ್ಲ.

ಟೆಕ್ಸಾಸ್‌ನ ಟೇಲರ್ ಊರಂಚಿನಲ್ಲಿ ಸ್ಯಾಮ್‌ಸಂಗ್ 2021ರಲ್ಲಿ ಘೋಷಿಸಿದ ಚಿಪ್ ಕಾರ್ಖಾನೆಗೆ ಆಗ ಅಂದಾಜಾದ ವೆಚ್ಚವೇ 1,700 ಕೋಟಿ ಡಾಲರ್. ಒಂದು ಪ್ರೊಸೆಸರ್ ತಯಾರಾಗುವುದರ ಹಿಂದೆ ಇಷ್ಟು ಹಣ, ಜೊತೆಗೆ ಅಪಾರ ನೀರು, ವಿದ್ಯುತ್ತು ಇವೆ. ಒಂದು ಸೆಟ್ಟಿಂಗ್ ಆಫ್ ಆಗಿದೆಯೆಂದು ಅದನ್ನು ಎಸೆಯುವುದು ಅನ್ಯಾಯ.

ವಿಂಡೋಸ್ 10ಕ್ಕೆ ನಿಯಮಿತ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿದಿದೆ. ನಿಮ್ಮ ಅಸೆಂಬಲ್ಡ್ ಕಂಪ್ಯೂಟರನ್ನು ಗುಜರಿಗೆ ಹಾಕುವ ಮೊದಲು ಫೈಲುಗಳನ್ನೆಲ್ಲ ಬೇರೆ ಡಿಸ್ಕಿಗೆ ನಕಲು ಮಾಡಿ, ಬಯಾಸ್ ಪುಟಕ್ಕೆ ಹೋಗಿ ನೋಡಿ. ಟಿಪಿಎಂಗೆಂದು ಇಂಟೆಲ್ ಬೋರ್ಡಿನಲ್ಲಿ 'ಪಿಟಿಟಿ', ಎಎಂಡಿಯಲ್ಲಿ 'ಎಫ್‌ಟಿಪಿಎಂ' ಎಂಬ ಆಯ್ಕೆ ಇರುತ್ತದೆ. ಎಷ್ಟೋ ಬೋರ್ಡುಗಳಲ್ಲಿ ಅದು ಆಫ್ ಆಗಿಯೇ ಬಂದಿರುತ್ತದೆ. ಆನ್ ಮಾಡಿದರೂ ವಿಂಡೋಸ್ ಒಲ್ಲೆನೆಂದರೆ ಲಿನಕ್ಸ್ ಮಿಂಟ್‌ನಂಥದ್ದನ್ನು ಪೆನ್‌ಡ್ರೈವಿನಿಂದಲೇ ಓಡಿಸಿ ಪರೀಕ್ಷಿಸಿ. ಶಬ್ದ, ವೈಫೈ, ಪರದೆ ಮೂರೂ ಸರಿಯಿದ್ದರೆ ಅದನ್ನೇ ಹಾಕಿಕೊಳ್ಳಿ.