ಹಾಲು ಕಟ್ಟಿಕೊಳ್ಳುವುದೇಕೆ?

ಕಳೆದ ವರ್ಷ ನಮ್ಮ ಸಹೋದ್ಯೋಗಿಗಳಾದ ಉಪನ್ಯಾಸಕಿಯೊಬ್ಬರು ಉತ್ತರಪತ್ರಿಕೆಗಳ ಮೌಲ್ಯಮಾಪನಕ್ಕಾಗಿ ನಾಲ್ಕು ದಿನ ಪರವೂರಿಗೆ ಹೋಗಬೇಕಾಗಿ ಬಂದಿತು. ಮನೆಯಲ್ಲಿದ್ದುದು ಒಂದೂವರೆ ವರ್ಷದ ಮಗು. ಅನ್ನ ಸಾರು ಉಣ್ಣುತ್ತಿದ್ದರೂ ಅದು ಎದೆಹಾಲನ್ನು ಬಿಟ್ಟಿರಲಿಲ್ಲ. ಮಗುವಿನ ಊಟದ ಚಿಂತೆಯನ್ನು ಎಲ್ಲರೂ ಮಾಡಿದರು. ತಾಯಿಯ ಎದೆಯ ಚಿಂತೆ ಯಾರಿಗೂ ಹೊಳೆಯಲಿಲ್ಲ. ಎರಡನೆಯ ದಿನ ಅದು ಕಲ್ಲಿನಂತೆ ಬಿಗಿಯಿತು. ಯಾರೋ ಹೇಳಿದರೆಂದು ಬಟ್ಟೆಯನ್ನು ಬಿಗಿದು ಕಟ್ಟಿಕೊಂಡರು; ನೋವು ಇಮ್ಮಡಿಯಾಯಿತು. ಮೂರನೆಯ ದಿನ ಚಳಿಜ್ವರದೊಡನೆ ಊರಿಗೆ ಮರಳಿದರು. ಗುಣವಾದ ಮೇಲೆ ಅವರು ನಮ್ಮನ್ನು ಕೇಳಿದರು: "ನೀವು ದ್ರವಗಳ ಒತ್ತಡವನ್ನು ಪಾಠ ಹೇಳುವವರು. ಬಿಗಿದು ಕಟ್ಟಿದರೆ ಹಾಲು ನಿಲ್ಲಬೇಕಾಗಿತ್ತಲ್ಲವೆ? ನೋವು ಹೆಚ್ಚಿದ್ದೇಕೆ?"

ಇಂಥ ವಿಷಯವನ್ನು ಎತ್ತಲು ಸಂಕೋಚಪಡುವವರುಂಟು. ಆದರೆ ಆ ಸಂಕೋಚದ ಬೆಲೆಯನ್ನು ತೆತ್ತವರು ಜ್ವರದಿಂದ ನಡುಗಿದ ಆ ತಾಯಿಯೇ. ಆದುದರಿಂದ ಅದನ್ನು ಬದಿಗಿಟ್ಟು ವಿಚಾರಮಾಡೋಣ.

ಕೊಡವಲ್ಲ, ಕಾರ್ಖಾನೆ

ಸ್ತನವು ಹಾಲು ತುಂಬಿಟ್ಟ ಕೊಡವೆಂದು ಭಾವಿಸುವುದು ತಪ್ಪು. ಅದರೊಳಗೆ ದ್ರಾಕ್ಷಿಯ ಗೊಂಚಲುಗಳಂತೆ ಅಸಂಖ್ಯ ಸೂಕ್ಷ್ಮ ಗೂಡುಗಳಿವೆ. ಅವುಗಳ ಒಳಗೋಡೆಯ ಜೀವಕೋಶಗಳು ಪ್ರೊಲ್ಯಾಕ್ಟಿನ್ ಎಂಬ ಹಾರ್ಮೋನಿನ ಪ್ರೇರಣೆಯಿಂದ, ರಕ್ತದಲ್ಲಿ ಬಂದ ಸಾಮಗ್ರಿಯನ್ನು ಬಳಸಿ ಹಗಲಿರುಳೂ ಹಾಲನ್ನು ತಯಾರಿಸುತ್ತವೆ. ಗೂಡುಗಳನ್ನು ಸುತ್ತುವರಿದ ಬೇರೆ ಕೋಶಗಳು ಸ್ನಾಯುವಿನಂತೆ ಕುಗ್ಗಿದಾಗ ಹಾಲು ನಾಳಗಳಿಗೆ ಇಳಿಯುತ್ತದೆ. ಅವುಗಳನ್ನು ಕುಗ್ಗಿಸುವುದು ಆಕ್ಸಿಟೋಸಿನ್ ಎಂಬ ಇನ್ನೊಂದು ಹಾರ್ಮೋನು. ಅಮೆರಿಕದ ವಿನ್ಸೆಂಟ್ ಡು ವಿನ್ಯೋ ಇದನ್ನು 1953ರಲ್ಲಿ ಪ್ರಯೋಗಶಾಲೆಯಲ್ಲಿ ಸಂಶ್ಲೇಷಿಸಿದರು. 1955ರಲ್ಲಿ ರಸಾಯನಶಾಸ್ತ್ರದ ನೊಬೆಲ್ ಪಾರಿತೋಷಕವನ್ನು ಪಡೆದರು. ಕರುವನ್ನು ಕಂಡ ಹಸು ಸೊರ ಬಿಡುವುದು ಇದರಿಂದಲೇ. ಬೇರೆಯವರ ಮಗು ಅತ್ತರೂ ತಾಯಿಯ ರವಿಕೆ ಒದ್ದೆಯಾಗುವುದುಂಟಲ್ಲ, ಅದಕ್ಕೂ ಇದೇ ಕಾರಣ.

ಮಗು ದೂರವಿದ್ದಾಗ ಹೊರಹರಿವು ನಿಲ್ಲುತ್ತದೆ, ತಯಾರಿಕೆ ನಿಲ್ಲುವುದಿಲ್ಲ. ಒಳಗಿನ ಒತ್ತಡ ಏರಿ, ತೆಳುಗೋಡೆಯ ಅಭಿಧಮನಿಗಳನ್ನೂ ದುಗ್ಧರಸನಾಳಗಳನ್ನೂ ಅಮುಕುತ್ತದೆ. ರಕ್ತ ಒಳಬರುತ್ತಲೇ ಇದ್ದು ಹೊರಹೋಗಲು ತಡವಾಗುವುದರಿಂದ ಅಂಗಾಂಶದಲ್ಲಿ ನೀರು ಸೇರಿ ಬಾವು ಉಂಟಾಗುತ್ತದೆ. ಆ ಬಾವು ಹಾಲಿನ ನಾಳಗಳನ್ನೂ ಒತ್ತುತ್ತದೆ. ಕಿರುಕೊಳವೆಗಳಲ್ಲಿ ದ್ರವ ಹರಿಯುವ ಬಗೆಯನ್ನು 1840ರ ಸುಮಾರಿಗೆ ಫ್ರಾನ್ಸಿನ ವೈದ್ಯ ಪಾಯಿಸೂಯಿ ಅಳೆದು ತೋರಿಸಿದುದನ್ನು ವಿದ್ಯಾರ್ಥಿಗಳು ಬಲ್ಲರು: ಒತ್ತಡ ಅಷ್ಟೇ ಇದ್ದು ಕೊಳವೆಯ ತ್ರಿಜ್ಯ ಅರ್ಧವಾದರೆ ಹರಿವು ಹದಿನಾರನೆಯ ಒಂದು ಪಾಲಿಗೆ ಇಳಿಯುತ್ತದೆ. ಜೀವಂತ ನಾಳ ಗಾಜಿನ ಕೊಳವೆಯಲ್ಲ, ನಿಜ. ಆದರೂ ಸ್ವಲ್ಪ ಅಮುಕಿದರೆ ಹರಿವು ಬಹಳ ತಗ್ಗುವುದೆಂಬ ಮಾತು ಇಲ್ಲಿಯೂ ಸಲ್ಲುತ್ತದೆ. ಹೊರಗಿನಿಂದ ಬಟ್ಟೆ ಬಿಗಿದವರು ಈ ಅಮುಕುವಿಕೆಗೇ ನೆರವಾದಂತಾಯಿತು.

ಎರಡು ಗಡಿಯಾರಗಳು

ಹಾಗಾದರೆ ಹಾಲು ಒಳಗೇ ನಿಂತರೆ ತಯಾರಿಕೆ ತಗ್ಗುವುದಿಲ್ಲವೆ? ತಗ್ಗುತ್ತದೆ. 1980ರ ದಶಕದಲ್ಲಿ ಸ್ಕಾಟ್ಲೆಂಡಿನ ಹನ್ನಾ ಸಂಶೋಧನಾ ಸಂಸ್ಥೆಯಲ್ಲಿ ಆಡುಗಳ ಕೆಚ್ಚಲಿನ ಒಂದು ಪಾಲನ್ನು ದಿನಕ್ಕೆ ಎರಡು ಸಲ, ಇನ್ನೊಂದನ್ನು ಮೂರು ಸಲ ಕರೆದು ನೋಡಿದರು. ಹಾಲು ಹೆಚ್ಚಿದ್ದು ಮೂರು ಸಲ ಕರೆದ ಪಾಲಿನಲ್ಲಿ ಮಾತ್ರ. ಎರಡು ಪಾಲುಗಳಿಗೂ ಹರಿಯುವ ರಕ್ತ ಒಂದೇ, ಹಾರ್ಮೋನುಗಳೂ ಒಂದೇ. ಆದುದರಿಂದ ಬರಿದಾದಂತೆ ತುಂಬಿಕೊಳ್ಳುವ, ತುಂಬಿದಂತೆ ನಿಧಾನಿಸುವ ಹತೋಟಿ ಪ್ರತಿಯೊಂದು ಪಾಲಿನಲ್ಲಿಯೂ ಪ್ರತ್ಯೇಕವಾಗಿ ಇದೆಯೆಂದಾಯಿತು.

ಆದರೆ ಒತ್ತಡ ಏರುವುದು ಗಂಟೆಗಳಲ್ಲಿ; ತಯಾರಿಕೆ ಸಾಕಷ್ಟು ತಗ್ಗುವುದು ದಿನಗಳಲ್ಲಿ. ಈ ಎರಡು ಗಡಿಯಾರಗಳ ಅಂತರವೇ ತಾಯಿಯ ನೋವು. ಆ ಅಂತರವನ್ನು ದಾಟಿಸುವುದೇ ಚಿಕಿತ್ಸೆಯ ಮರ್ಮ.

ಮಾಡತಕ್ಕದ್ದೇನು?

ಹೊರಡುವ ಮುನ್ನ ಮಗುವಿಗೆ ಹಾಲೂಡಿಸಬೇಕು. ಆಮೇಲೆ ಮಗು ಕುಡಿಯುತ್ತಿದ್ದ ಹೊತ್ತಿಗೆ, ಅಥವಾ ಬಿಗಿತ ತೋರಿದೊಡನೆ, ಕೈ ತೊಳೆದುಕೊಂಡು ಹಾಲನ್ನು ಹಿಂಡಿ ತೆಗೆಯಬೇಕು. ಬೆರಳುಗಳನ್ನು ತೊಟ್ಟಿನಿಂದ ತುಸು ಹಿಂದಕ್ಕಿಟ್ಟು, ಮೊದಲು ಎದೆಗೂಡಿನತ್ತ ಒತ್ತಿ, ಬಳಿಕ ಮೆಲ್ಲನೆ ಹಿಚುಕಬೇಕು, ಚರ್ಮವನ್ನು ಉಜ್ಜಬಾರದು. ತೊಟ್ಟಿನ ಸುತ್ತ ಗಟ್ಟಿಯಾಗಿದ್ದರೆ ಬೆರಳತುದಿಗಳಿಂದ ಒಂದು ನಿಮಿಷ ಒಳಕ್ಕೆ ಒತ್ತಿಹಿಡಿದರೆ ಬಾವಿನ ನೀರು ಹಿಂದೆ ಸರಿದು ದಾರಿ ಬಿಡುತ್ತದೆ. ಮಗುವಿನ ಭಾವಚಿತ್ರವನ್ನು ನೋಡಿದರೂ ಹಾಲು ಇಳಿಯಲು ಅನುಕೂಲವಾಗುವುದುಂಟು. ಪಂಪನ್ನು ಬಳಸುವವರು ಸೆಳೆತವನ್ನು ಮಿತವಾಗಿಟ್ಟುಕೊಳ್ಳಬೇಕು. ಹಾಲೂಡುವ ಶಿಶುವೇ ವಾಯುಮಂಡಲದ ಒತ್ತಡಕ್ಕಿಂತ ಸುಮಾರು 150 ಮಿಲಿಮೀಟರ್ ಪಾದರಸದಷ್ಟು ಕಡಿಮೆ ಒತ್ತಡವನ್ನು ಬಾಯಲ್ಲಿ ಉಂಟುಮಾಡುತ್ತದೆ. ಅತಿಯಾಗಿ ಸೆಳೆದರೆ ತೊಟ್ಟಿಗೆ ಗಾಯವಾದೀತು.

ಎಷ್ಟು ತೆಗೆಯಬೇಕು? ಹಿಂದಿರುಗಿ ಹಾಲೂಡಿಸುವ ಇಚ್ಛೆಯಿದ್ದರೆ ಮಗು ಕುಡಿಯುತ್ತಿದ್ದಷ್ಟು. ಹಾಲನ್ನು ಬಿಡಿಸುವ ಉದ್ದೇಶವಿದ್ದರೆ ಬಿಗಿತ ಸಡಿಲುವಷ್ಟು ಮಾತ್ರ. ಪೂರ್ತಿ ಬರಿದುಮಾಡಿದರೆ ಕಾರ್ಖಾನೆಗೆ ಇನ್ನಷ್ಟು ಬೇಡಿಕೆ ಕಳುಹಿಸಿದಂತೆ. ತೆಗೆದ ಹಾಲು 25 ಡಿಗ್ರಿ ಸೆಲ್ಸಿಯಸ್ ವರೆಗಿನ ಉಷ್ಣತೆಯಲ್ಲಿ 4 ಗಂಟೆ, 4 ಡಿಗ್ರಿಯ ಶೀತಕಪೆಟ್ಟಿಗೆಯಲ್ಲಿ 4 ದಿನ ಕೆಡದೆ ಇರುತ್ತದೆ. ನಮ್ಮ ಬೇಸಗೆಯ ಕೋಣೆಗಳು ಇದಕ್ಕಿಂತ ಬಿಸಿಯೆಂಬುದನ್ನು ಮರೆಯಬಾರದು.

ಹಿಂಡಿದ ಬಳಿಕ ಬಟ್ಟೆಯಲ್ಲಿ ಸುತ್ತಿದ ಮಂಜುಗಡ್ಡೆಯನ್ನು ಹತ್ತು ಹದಿನೈದು ನಿಮಿಷ ಇಟ್ಟರೆ ರಕ್ತನಾಳಗಳು ಸಂಕುಚಿಸಿ ಬಾವು ತಗ್ಗುತ್ತದೆ. ಬಲವಾಗಿ ತಿಕ್ಕಿ ನೀವುವುದು ಕೆಡುಕು. ನೀರು ಕುಡಿಯುವುದನ್ನು ಬಿಟ್ಟರೆ ಹಾಲು ನಿಲ್ಲುವುದೆಂಬುದು ಬರಿಯ ಭ್ರಮೆ. ಒಂದು ಭಾಗ ಕೆಂಪಾಗಿ, ನೋವಿನೊಡನೆ ಚಳಿಜ್ವರ ಬಂದರೆ ತಡಮಾಡದೆ ವೈದ್ಯರನ್ನು ಕಾಣಬೇಕು.

ದಕ್ಷಿಣದ ನಮ್ಮ ಮನೆಗಳಲ್ಲಿ ಹಾಲನ್ನು ಬಿಡಿಸಲು ಎದೆಗೆ ಮಲ್ಲಿಗೆ ಹೂವನ್ನು ಕಟ್ಟುವ ಪದ್ಧತಿಯುಂಟು. ವೆಲ್ಲೂರಿನ ವೈದ್ಯರು 1988ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಹೂ ಕಟ್ಟಿಕೊಂಡ ಬಾಣಂತಿಯರ ರಕ್ತದಲ್ಲಿ ಪ್ರೊಲ್ಯಾಕ್ಟಿನ್ ತಗ್ಗಿದುದು ಕಂಡುಬಂದಿತು. ಅಜ್ಜಿಯರ ಅನುಭವ ಹುಸಿಯಲ್ಲ. ಆದರೆ ಅದು ಹಾಲನ್ನು ನಿಲ್ಲಿಸುವ ಉಪಾಯ. ನಾಲ್ಕು ದಿನಗಳ ಬಳಿಕ ಮಗುವಿಗೆ ಹಾಲೂಡಿಸಬೇಕೆನ್ನುವ ತಾಯಿಗೆ ಅದು ತಕ್ಕುದಲ್ಲ.

ಈ ವರ್ಷವೂ ನಮ್ಮ ಸಹೋದ್ಯೋಗಿಗಳು ಮೌಲ್ಯಮಾಪನಕ್ಕೆ ಹೋದರು. ಹೋದೊಡನೆ ಅವರು ಬಾಯಿಬಿಟ್ಟು ಕೇಳಿದ್ದು ಇಷ್ಟೇ: ಬಾಗಿಲು ಹಾಕಿಕೊಳ್ಳಬಹುದಾದ ಒಂದು ಕೋಣೆ, ದಿನಕ್ಕೆ ಮೂರು ಸಲ ಕಾಲುಗಂಟೆಯ ಬಿಡುವು. ಎರಡೂ ದೊರೆತುವು. ಐದನೆಯ ದಿನ ಬೆಳಗ್ಗೆ ಮನೆಯ ಹೊಸ್ತಿಲು ದಾಟುವುದರೊಳಗೆ ಮಗು ಓಡಿಬಂದು ಅವರ ಸೆರಗನ್ನು ಹಿಡಿಯಿತಂತೆ.