ಹಂದಿಮಾಂಸದ ಬರ್ಗರನ್ನು ಮನೆಯಲ್ಲಿಯೇ ರುಚಿಯಾಗಿ ಮಾಡುವ ಬಗೆ

ನಮ್ಮ ಶಾಲೆಯಲ್ಲಿ ಓದಿ ಹೋದ ಹುಡುಗಿಯರಲ್ಲಿ ಅನೇಕರು ಈಗ ಗೃಹಿಣಿಯರೂ ತಾಯಂದಿರೂ ಆಗಿರುತ್ತಾರೆ. ಅವರ ಮಕ್ಕಳು ಪೇಟೆಯ ಅಂಗಡಿಗಳಲ್ಲಿ ಬರ್ಗರಿನ ರುಚಿಯನ್ನು ಕಂಡು ಬಂದು, ಅದನ್ನೇ ಮನೆಯಲ್ಲಿಯೂ ಮಾಡಿಕೊಡಬೇಕೆಂದು ಹಟ ಹಿಡಿಯುವದು ಈಗ ಸಾಮಾನ್ಯವಾದ ಸಂಗತಿ. ಮಾಡಿದವರು ನಮಗೆ ಹೇಳುವ ದೂರುಗಳು ಎರಡೇ. ಹಂದಿಮಾಂಸವಾದುದರಿಂದ ಹಸಿ ಉಳಿದೀತೆಂದು ಹೆದರಿ ಹೆಚ್ಚು ಹೊತ್ತು ಬೇಯಿಸಿದರೆ ಅದು ಒಣಗಿ ತೊಗಲಿನಂತಾಗುವದು. ಮೆತ್ತಗಿರಲೆಂದು ಬೇಗ ಇಳಿಸಿದರೆ ಒಳಗೆ ಬೆಂದಿತೋ ಇಲ್ಲವೋ ಎಂಬ ಸಂಶಯದಿಂದ ಮಕ್ಕಳಿಗೆ ಬಡಿಸಲು ಕೈ ಬಾರದು. ಈ ಎರಡು ಕಷ್ಟಗಳಿಗೂ ಪರಿಹಾರವು ಒಂದೇ ಆಗಿದೆ ಎಂದು ನಮ್ಮ ಅಭಿಪ್ರಾಯ. ಮಾಂಸವನ್ನು ಪೂರ್ಣವಾಗಿ ಬೇಯಿಸಲೇಬೇಕು; ಹಾಗೆ ಬೆಂದ ಮೇಲೆಯೂ ಅದರಲ್ಲಿ ರಸ ಉಳಿಯುವಂತೆ ಮೊದಲೇ ಅದನ್ನು ಸಿದ್ಧಪಡಿಸಿಕೊಳ್ಳಬೇಕು.

ಮೊದಲು ಹೆಸರಿನ ವಿಷಯವಾಗಿ ಒಂದು ಮಾತು. ಹ್ಯಾಂಬರ್ಗರ್ ಎಂಬ ಶಬ್ದವನ್ನು ಕೇಳಿ ಅದರಲ್ಲಿ ಹ್ಯಾಮ್, ಅಂದರೆ ಉಪ್ಪು ಹಾಕಿ ಹದಮಾಡಿದ ಹಂದಿಯ ತೊಡೆಮಾಂಸ, ಇರಬೇಕೆಂದು ಕೆಲವರು ಎಣಿಸುತ್ತಾರೆ. ಹಾಗಲ್ಲ. ಜರ್ಮನಿಯ ಹ್ಯಾಂಬುರ್ಗ್ ಪಟ್ಟಣದಿಂದ ಆ ಹೆಸರು ಬಂತು. ಅಮೇರಿಕದಲ್ಲಿ ಅದು ಪ್ರಸಿದ್ಧವಾದದ್ದು ದನದ ಮಾಂಸದಿಂದ. ಇದು ಬರಿಯ ಶಬ್ದಜ್ಞಾನಕ್ಕಾಗಿ ಹೇಳುವ ಮಾತಲ್ಲ. ದನದ ಮಾಂಸಕ್ಕೆಂದು ಬರೆದ ಪಾಕವಿಧಾನಗಳಲ್ಲಿ ನಡುಭಾಗವು ಸ್ವಲ್ಪ ಕೆಂಪಾಗಿರುವಾಗಲೇ ಇಳಿಸಬಹುದೆಂಬ ಸಲಹೆ ಕಾಣಬರುವದುಂಟು. ಆ ಸಲಹೆಯನ್ನು ಹಂದಿಮಾಂಸಕ್ಕೆ ಎಷ್ಟು ಮಾತ್ರವೂ ಅನ್ವಯಿಸಕೂಡದು.

ಹಂದಿಮಾಂಸದ ಅಡಿಗೆ ನಮ್ಮ ಸೀಮೆಗೆ ಹೊಸದೇನೂ ಅಲ್ಲ. ಕೊಡಗಿನ ಪಂದಿ ಕರಿ, ಮಂಗಳೂರಿನ ಕ್ರೈಸ್ತರ ಮನೆಗಳ ಬಫಾತು, ಇವುಗಳನ್ನು ಅರಿಯದವರು ಯಾರು? ಗೋವೆಯಲ್ಲಿಯಂತೂ ಮಸಾಲೆ ಕೂಡಿಸಿದ ಹಂದಿಯ ಸಾಸೇಜನ್ನು ಪಾವಿನ ನಡುವೆ ಇಟ್ಟು ತಿನ್ನುವ ರೂಢಿಯೇ ಇದೆ. ಬರ್ಗರಿಗೆ ಅದು ದೂರದ ನೆಂಟನಲ್ಲ. ಆದರೆ ಕೊಡಗಿನ ಮತ್ತು ಮಂಗಳೂರಿನ ಆ ಪಲ್ಯಗಳು ಕಾಚಂಪುಳಿಯಲ್ಲಾಗಲಿ ವಿನೆಗರಿನಲ್ಲಾಗಲಿ ಬಹಳ ಹೊತ್ತು ಕುದಿಯುತ್ತವೆ. ಅಲ್ಲಿ ಹಸಿ ಉಳಿಯುವ ಪ್ರಶ್ನೆಯೇ ಏಳುವದಿಲ್ಲ. ಕಾವಲಿಯ ಮೇಲೆ ಹತ್ತೇ ನಿಮಿಷ ಇರುವ ಬರ್ಗರಿನ ಬಿಲ್ಲೆಯ ಮಾತು ಬೇರೆ. ಆದುದರಿಂದ ನಮ್ಮ ಅಜ್ಜಿಯರು ಯೋಚಿಸಬೇಕಾಗಿಲ್ಲದ ಒಂದು ವಿಷಯವನ್ನು ನಾವು ಯೋಚಿಸಬೇಕಾಗಿದೆ.

ಆ ವಿಷಯವು ಹಂದಿಯ ಲಾಡಿಹುಳುವಿನದು. ಇದರ ಜೀವನಕ್ರಮವನ್ನು ಪ್ರತಿಯೊಬ್ಬ ತಾಯಿಯೂ ಸರಿಯಾಗಿ ತಿಳಿದಿರುವದು ಅಗತ್ಯ; ಇದರ ಕುರಿತು ವಿದ್ಯಾವಂತರಲ್ಲಿಯೂ ತಪ್ಪು ತಿಳುವಳಿಕೆ ಬಹಳವಾಗಿದೆ. ರೋಗವಿರುವ ಹಂದಿಯ ಮಾಂಸದಲ್ಲಿ ಈ ಹುಳುವಿನ ಮರಿಗಳು ಸಣ್ಣ ನೀರುಚೀಲಗಳ ರೂಪದಲ್ಲಿ ಹುದುಗಿಕೊಂಡಿರುವವು. ಅರೆಬೆಂದ ಮಾಂಸದೊಡನೆ ಅವು ಮನುಷ್ಯನ ಹೊಟ್ಟೆಯನ್ನು ಸೇರಿದರೆ ಕರುಳಿನಲ್ಲಿ ಬೆಳೆದು ಕೆಲವು ಮೊಳ ಉದ್ದದ ಹುಳುವಾಗುವದು. ಅಷ್ಟಕ್ಕೆ ದೊಡ್ಡ ಅಪಾಯವಿಲ್ಲ. ವೈದ್ಯರ ಬಳಿ ಅದಕ್ಕೆ ಸುಲಭವಾದ ಔಷಧವಿದೆ. ಭಯಂಕರವಾದದ್ದು ಮುಂದಿನ ಸಂಗತಿ. ಆ ಮನುಷ್ಯನ ಮಲದಲ್ಲಿ ಹುಳುವಿನ ಮೊಟ್ಟೆಗಳು ಹೊರಬೀಳುವವು. ಅವುಗಳನ್ನು ಹಂದಿಯು ತಿಂದರೆ ಅದರ ಮಾಂಸದಲ್ಲಿ ಚೀಲಗಳು ಉಂಟಾಗುವಂತೆಯೇ, ಮನುಷ್ಯನು ನುಂಗಿದರೆ ಮನುಷ್ಯನ ಶರೀರದಲ್ಲಿಯೂ ಉಂಟಾಗುವವು, ಮಿದುಳಿನಲ್ಲಿಯೂ ಉಂಟಾಗುವವು. ಮಕ್ಕಳಿಗೂ ದೊಡ್ಡವರಿಗೂ ಮೂರ್ಛೆ ಬರುವದಕ್ಕೆ ನಮ್ಮ ದೇಶದಲ್ಲಿ ಇದು ಒಂದು ಮುಖ್ಯ ಕಾರಣ. ಈ ಹುಳು ನೆಲೆಗೊಂಡಿರುವ ಅನೇಕ ಪ್ರದೇಶಗಳಲ್ಲಿ ಮೂರ್ಛೆರೋಗಿಗಳಲ್ಲಿ ನೂರಕ್ಕೆ 30 ಮಂದಿಯವರೆಗೆ ಇದೇ ಕಾರಣವೆಂದು ವಿಶ್ವ ಆರೋಗ್ಯ ಸಂಸ್ಥೆಯವರು ತಿಳಿಸಿರುತ್ತಾರೆ.

ಇದರಿಂದ ತಿಳಿಯಬೇಕಾದದ್ದೇನು? ಮಿದುಳಿನ ರೋಗವು ಬರುವದು ಮಾಂಸದಿಂದ ನೇರವಾಗಿ ಅಲ್ಲ. ಹುಳುವಿನ ಮೊಟ್ಟೆ ಅಂಟಿದ ಕೈಗಳಿಂದ, ನೀರಿನಿಂದ, ತೊಳೆಯದ ಹಸಿ ಸೊಪ್ಪಿನಿಂದ. ಮಾಂಸವನ್ನು ಮುಟ್ಟದವರಿಗೂ ಅದು ಬರುವದು. ಹಾಗಾಗಿ ಬರ್ಗರಿನೊಳಗಿನ ಮಾಂಸವನ್ನು ಬೇಯಿಸಿದರೆ ಸಾಲದು. ಅದರ ಮೇಲಿಡುವ ಹಸಿ ಎಲೆಯನ್ನು ತೊಳೆಯಬೇಕು, ಅಡಿಗೆ ಮಾಡುವ ಕೈಗಳನ್ನು ಸಾಬೂನಿನಿಂದ ತೊಳೆಯಬೇಕು. ಅಡಿಗೆಗೆ ಸಹಾಯಕರಿರುವ ಮನೆಗಳಲ್ಲಿ ಈ ನಿಯಮವು ಯಜಮಾನಿಗೂ ಸಹಾಯಕರಿಗೂ ಒಂದೇ ಎಂದು ತಿಳಿಯತಕ್ಕದ್ದು. ತರಗತಿಯಲ್ಲಿ ಉಗುರು ಪರೀಕ್ಷಿಸುತ್ತಿದ್ದಾಗ ಮುಖ ಸಿಂಡರಿಸಿಕೊಳ್ಳುತ್ತಿದ್ದ ಹುಡುಗಿಯರು ಇದನ್ನು ಓದಿ ನಗಬಹುದು. ನಗಲಿ, ಉಗುರನ್ನು ಮಾತ್ರ ಕತ್ತರಿಸಿಕೊಂಡಿರಲಿ.

ಈಗ ಮಾಂಸವನ್ನು ಕೊಳ್ಳುವ ವಿಷಯ. ಕೊಚ್ಚಿ ಇಟ್ಟ ಕೈಮಾವನ್ನು ಕೊಳ್ಳುವದಕ್ಕಿಂತ ಇಡೀ ತುಂಡನ್ನು ಕೊಂಡು ಕಣ್ಣೆದುರಿಗೆ ಕೊಚ್ಚಿಸುವದಾಗಲಿ, ಮನೆಯಲ್ಲಿಯೇ ಕೊಚ್ಚುವದಾಗಲಿ ಉತ್ತಮ. ಕಾರಣಗಳು ಎರಡು. ಮೇಲೆ ಹೇಳಿದ ನೀರುಚೀಲಗಳು ಬೆಂದ ಸಬ್ಬಕ್ಕಿಯ ಕಾಳಿನಂತೆ ಕಾಣುವದರಿಂದ ಇಡೀ ತುಂಡಿನಲ್ಲಿ ಅವು ಬಹುಶಃ ಕಣ್ಣಿಗೆ ಬೀಳುವವು. ಅಂಥ ಮಾಂಸವನ್ನು ಎಷ್ಟು ಅಗ್ಗವಾದರೂ ಕೊಳ್ಳಕೂಡದು. ಕೊಚ್ಚಿದ ಮೇಲೆ ಅವು ಯಾರಿಗೂ ಕಾಣವು. ಎರಡನೆಯದಾಗಿ, ಇಡೀ ತುಂಡಿನಲ್ಲಿ ಸೂಕ್ಷ್ಮಜೀವಿಗಳು ಹೆಚ್ಚಾಗಿ ಹೊರಮೈಯಲ್ಲಿ ಇರುವವು. ಕೊಚ್ಚಿದಾಗ ಹೊರಮೈ ಒಳಗೆ ಸೇರಿ ಎಲ್ಲವೂ ಬೆರೆತುಹೋಗುವದು. ಅಮೇರಿಕದ ಸರಕಾರದ ಕೃಷಿ ಇಲಾಖೆಯವರು 2011ರಲ್ಲಿ ಹಂದಿಮಾಂಸದ ಇಡೀ ತುಂಡಿಗೆ 63 ಡಿಗ್ರಿ ಸೆಂಟಿಗ್ರೇಡ್ ಶಾಖವೂ, ಇಳಿಸಿದ ಮೇಲೆ ಮೂರು ನಿಮಿಷದ ವಿಶ್ರಾಂತಿಯೂ ಸಾಕೆಂದು ನಿಯಮವನ್ನು ಸಡಿಲಿಸಿದರೂ, ಕೊಚ್ಚಿದ ಮಾಂಸಕ್ಕೆ 71 ಡಿಗ್ರಿಯ ನಿಯಮವನ್ನು ಹಾಗೆಯೇ ಉಳಿಸಿಕೊಂಡದ್ದು ಈ ಕಾರಣದಿಂದಲೇ. ಆ 71 ಎಂಬ ಸಂಖ್ಯೆಯನ್ನು ನಮ್ಮ ವಾಚಕರು ನೆನಪಿನಲ್ಲಿಡಬೇಕು.

ಭುಜದ ಮಾಂಸವೇ ಬರ್ಗರಿಗೆ ತಕ್ಕದ್ದು. ಸೊಂಟದ ಮಾಂಸವು ನೋಡಲು ಅಂದವಾದರೂ ಕೊಬ್ಬಿಲ್ಲದೆ ಒಣಗುವದು. ತೊಗಲನ್ನು ಪೂರಾ ತೆಗೆಸಬೇಕು. ಪಲ್ಯದಲ್ಲಿ ಅದು ಸೊಗಸು, ಇಲ್ಲಿ ಅದು ಹಲ್ಲಿಗೆ ಸಿಕ್ಕುವ ರಬ್ಬರು. ಮೂರು ಪಾಲು ಮಾಂಸಕ್ಕೆ ಒಂದು ಪಾಲು ಕೊಬ್ಬು ಇರಲಿ. ಆರೋಗ್ಯದ ದೃಷ್ಟಿಯಿಂದ ಕೊಬ್ಬನ್ನು ತೆಗೆದುಹಾಕುವ ತಾಯಂದಿರುಂಟು. ಅವರ ಉದ್ದೇಶ ಒಳ್ಳೆಯದಾದರೂ, ಕೊಬ್ಬಿಲ್ಲದ ಬರ್ಗರನ್ನು ವಾರಕ್ಕೊಮ್ಮೆ ಮಾಡುವದಕ್ಕಿಂತ ಕೊಬ್ಬಿರುವದನ್ನು ತಿಂಗಳಿಗೊಮ್ಮೆ ಮಾಡುವದು ಲೇಸೆಂದು ನಮಗೆ ತೋರುತ್ತದೆ. ಹಂದಿಯ ಕೊಬ್ಬು ದನದ ಕೊಬ್ಬಿಗಿಂತ ಬೇಗ ಮೆತ್ತಗಾಗುವದು. ಕೊಚ್ಚುವಾಗಲೇ ಅದು ಕರಗಿ ಅಂಟಾದರೆ, ಕಾವಲಿಯ ಮೇಲೆ ಎಣ್ಣೆಯಾಗಿ ಹರಿದುಹೋಗಿ ಬಿಲ್ಲೆಯು ಒಣಗುವದು. ಆದುದರಿಂದ ಮಾಂಸವನ್ನು ಸಣ್ಣ ತುಂಡುಗಳಾಗಿ ಕತ್ತರಿಸಿ, ಫ್ರಿಜ್ಜಿನ ಮಂಜುಗಡ್ಡೆಯ ಭಾಗದಲ್ಲಿ ಅರ್ಧ ಗಂಟೆ ಇಟ್ಟು, ಅಂಚುಗಳು ಗಟ್ಟಿಯಾದ ಮೇಲೆ ಕೊಚ್ಚಬೇಕು. ಮಿಕ್ಸಿಯಲ್ಲಿ ಮಾಡುವವರು ಸ್ವಲ್ಪ ಸ್ವಲ್ಪವಾಗಿ ಹಾಕಿ, ನಿಲ್ಲಿಸಿ ನಿಲ್ಲಿಸಿ ತಿರುಗಿಸಬೇಕು. ಅದು ಚಟ್ನಿಯಾಗಬಾರದು, ಒರಟಾದ ರವೆಯಂತೆ ಬಿಡಿಬಿಡಿಯಾಗಿರಬೇಕು.

ಪೂರ್ಣವಾಗಿ ಬೆಂದ ಮಾಂಸದಲ್ಲಿ ರಸವನ್ನು ಉಳಿಸುವ ಉಪಾಯವು ಬಹಳ ಸಾಮಾನ್ಯವಾದ ವಸ್ತುವಿನಲ್ಲಿದೆ: ಹಾಲಿನಲ್ಲಿ ನೆನೆಸಿದ ಬ್ರೆಡ್ಡು. ಮಾಂಸವು ಕಾಯುತ್ತ ಬಂದಂತೆ ಅದರ ಎಳೆಗಳು ಬಿಗಿದುಕೊಂಡು ನೀರನ್ನು ಹಿಂಡಿ ಹೊರಗೆ ಹಾಕುವವು. ಬ್ರೆಡ್ಡಿನ ಪಿಷ್ಟವು ಆ ನೀರನ್ನು ಹಿಡಿದಿಟ್ಟುಕೊಳ್ಳುವದಲ್ಲದೆ, ಎಳೆಎಳೆಗಳ ನಡುವೆ ಸೇರಿ ಅವು ಒಂದಕ್ಕೊಂದು ಬಿಗಿಯದಂತೆ ತಡೆಯುವದು. ಅರ್ಧ ಕಿಲೋ ಕೈಮಾಕ್ಕೆ ಅಂಚು ತೆಗೆದ ಒಂದು ಹೋಳು ಬ್ರೆಡ್ಡು, ಎರಡು ದೊಡ್ಡ ಚಮಚ ಹಾಲು ಸಾಕು. ಆಲೂಗೆಡ್ಡೆಯನ್ನು ಬೆರಸುವವರಿದ್ದಾರೆ, ಅದು ರುಚಿಯಾಗಿಯೇ ಇರುವದು, ಆದರೆ ಅದು ಕಟ್ಲೆಟ್ಟು, ಬರ್ಗರಲ್ಲ.

ಉಪ್ಪಿನ ಪ್ರಮಾಣ ಅರ್ಧ ಕಿಲೋವಿಗೆ ಒಂದೂಕಾಲು ಚಹಾ ಚಮಚ. ಅದನ್ನು ಎಲ್ಲಕ್ಕಿಂತ ಕೊನೆಗೆ, ಕಾವಲಿಯನ್ನು ಒಲೆಯ ಮೇಲೆ ಇಡುವ ಹೊತ್ತಿಗೆ ಬೆರಸಬೇಕು. ಉಪ್ಪು ಮಾಂಸದ ಸಾರವನ್ನು ಕರಗಿಸಿ ಅಂಟನ್ನು ಹುಟ್ಟಿಸುವದು. ಸಾಸೇಜಿಗೆ ಆ ಅಂಟು ಬೇಕು, ಬರ್ಗರಿಗೆ ಬೇಡ. ಉಪ್ಪು ಹಾಕಿ ಚಪಾತಿಯ ಹಿಟ್ಟಿನಂತೆ ನಾದಿದರೆ ಬಿಲ್ಲೆಯು ಪುಟಿಯುವ ಚೆಂಡಾಗುವದು. ಬೆರಳ ತುದಿಗಳಿಂದ ಹಗುರವಾಗಿ ಬೆರಸಿ ಬಿಟ್ಟುಬಿಡತಕ್ಕದ್ದು.

ಮಸಾಲೆಯ ವಿಷಯದಲ್ಲಿ ನಾವು ಪರದೇಶದ ಪುಸ್ತಕಗಳ ಮುಂದೆ ಕೈಯೊಡ್ಡಬೇಕಾದ ಅವಶ್ಯವಿಲ್ಲ. ಒಣಮೆಣಸು, ಕೊತ್ತಂಬರಿ, ಜೀರಿಗೆ, ಸಾಸಿವೆ, ಕಾಳುಮೆಣಸು, ಅರಸಿನ ಕೂಡಿದ ಬಫಾತು ಪುಡಿಯು ಹಂದಿಮಾಂಸಕ್ಕೆಂದೇ ಹುಟ್ಟಿದಂತಿದೆ. ಒಂದೂವರೆ ಚಹಾ ಚಮಚ ಹಾಕಿದರೆ ಸಾಕು. ಕೊಡಗಿನವರಂತೆ ಕೊತ್ತಂಬರಿ, ಜೀರಿಗೆ, ಕಾಳುಮೆಣಸುಗಳನ್ನು ಕಪ್ಪಾಗುವ ಹಾಗೆ ಹುರಿದು ಪುಡಿಮಾಡಿದರೆ ರುಚಿ ಇನ್ನೂ ಗಂಭೀರವಾಗುವದು. ನಮಗೆ ಇದೇ ಹೆಚ್ಚು ಮೆಚ್ಚಿಗೆ. ನಾಲ್ಕು ಎಸಳು ಬೆಳ್ಳುಳ್ಳಿಯನ್ನೂ ಒಂದು ಚೂರು ಶುಂಠಿಯನ್ನೂ ಜಜ್ಜಿ ಸೇರಿಸಬೇಕು. ನೀರುಳ್ಳಿಯನ್ನು ಹಸಿಯಾಗಿ ಹಾಕಿದರೆ ಅದು ನೀರು ಬಿಟ್ಟು ಬಿಲ್ಲೆಯು ಹುರಿಯುವ ಬದಲು ಬೇಯುವದು. ಸಣ್ಣಗೆ ಹೆಚ್ಚಿ, ಹೊಂಬಣ್ಣಕ್ಕೆ ಹುರಿದು, ಪೂರಾ ಆರಿದ ಮೇಲೆ ಸೇರಿಸತಕ್ಕದ್ದು. ಆದರೆ ಹುಳಿಯನ್ನು ಮಾತ್ರ ಮಾಂಸಕ್ಕೆ ಬೆರಸಕೂಡದು. ಪಲ್ಯದ ಅಭ್ಯಾಸದಿಂದ ನಮ್ಮ ಕೈ ತಾನಾಗಿಯೇ ವಿನೆಗರಿಗೋ ಕಾಚಂಪುಳಿಗೋ ಹೋಗುವದು ಸಹಜ. ಹುಳಿಯು ಕೊಚ್ಚಿದ ಮಾಂಸದ ನೀರು ಹಿಡಿಯುವ ಶಕ್ತಿಯನ್ನು ಕೆಡಿಸಿ ಬಿಲ್ಲೆಯನ್ನು ಪುಡಿಪುಡಿಯಾಗಿಸುವದು. ಹುಳಿ ಬೇಕೇ ಬೇಕು, ಅದಕ್ಕೆ ಬೇರೆ ಸ್ಥಳವನ್ನು ಮುಂದೆ ಹೇಳುವೆವು.

ರುಚಿ ನೋಡಲು ಹಸಿ ಮಾಂಸವನ್ನು ನಾಲಿಗೆಗೆ ಹಚ್ಚುವ ಕೆಟ್ಟ ಅಭ್ಯಾಸವು ಕೆಲವು ಅಡಿಗೆಮನೆಗಳಲ್ಲಿದೆ. ಗೋಲಿಯಷ್ಟನ್ನು ಕಾವಲಿಯ ಮೇಲೆ ಚೆನ್ನಾಗಿ ಹುರಿದು ನೋಡಿರಿ.

ಅರ್ಧ ಕಿಲೋ ಮಾಂಸದಿಂದ ಐದು ಬಿಲ್ಲೆಗಳಾಗುವವು. ದಪ್ಪ ಒಂದೂವರೆ ಸೆಂಟಿಮೀಟರು. ಅಗಲವು ಬನ್ನಿಗಿಂತ ಒಂದು ಬೆರಳು ಹೆಚ್ಚಿರಲಿ, ಯಾಕೆಂದರೆ ಬೆಂದಾಗ ಅದು ಕುಗ್ಗುವದು. ಅಂಚುಗಳು ಮೊದಲು ಬಿಗಿದು ನಡುಭಾಗವು ಉಬ್ಬುವದರಿಂದ ಹೆಬ್ಬೆರಳಿನಿಂದ ನಡುವೆ ಒಂದು ಸಣ್ಣ ಗುಳಿ ಮಾಡಬೇಕು. ಕಬ್ಬಿಣದ ಕಾವಲಿಯನ್ನು ಮಧ್ಯಮ ಉರಿಯಲ್ಲಿ ಚೆನ್ನಾಗಿ ಕಾಯಿಸಿ, ಒಂದು ಹನಿ ಎಣ್ಣೆ ಸವರಿ, ಬಿಲ್ಲೆಗಳನ್ನು ಒಂದಕ್ಕೊಂದು ತಾಗದಂತೆ ಇಡಬೇಕು. ಮೈ ಕಂದುಬಣ್ಣಕ್ಕೆ ತಿರುಗಿ ಏಳುವ ಆ ಸುವಾಸನೆಯ ರಾಸಾಯನಿಕ ಕ್ರಿಯೆಯನ್ನು ಫ್ರಾನ್ಸಿನ ಮಯಾರ್ ಎಂಬ ವಿದ್ವಾಂಸರು 1912ರಲ್ಲಿ ಮೊದಲು ವಿವರಿಸಿದರು. ಮೈ ಒದ್ದೆಯಾಗಿದ್ದರೆ ಅದು ನಡೆಯದು. ಹಾಗಾಗಿ ಕಾವಲಿಯನ್ನು ತುಂಬಿಸಬಾರದು. ಮೊದಲ ನಾಲ್ಕು ನಿಮಿಷ ಮುಟ್ಟಲೂ ಬಾರದು. ತಳವು ತಾನಾಗಿ ಬಿಟ್ಟುಕೊಂಡಾಗ ಮಗುಚಿ, ಇನ್ನೊಂದು ಮಗ್ಗುಲನ್ನು ನಾಲ್ಕೈದು ನಿಮಿಷ ಬೇಯಿಸಬೇಕು. ಸಟ್ಟುಗದಿಂದ ಒತ್ತುವವರನ್ನು ಕಂಡರೆ ನಮಗೆ ಸಂಕಟವಾಗುತ್ತದೆ. ಇಷ್ಟು ಹೊತ್ತು ಜೋಪಾನವಾಗಿ ಕಾಪಾಡಿದ ರಸವು ಆ ಒಂದು ಒತ್ತಿನಲ್ಲಿ ಚುಂಯ್ ಎಂದು ಬೆಂಕಿಯ ಪಾಲಾಗುವದು.

ಬೆಂದಿತೇ ಎಂಬುದನ್ನು ಬಣ್ಣದಿಂದ ನಿಶ್ಚಯಿಸಲಾಗದು. ಚೆನ್ನಾಗಿ ಬೆಂದ ಮಾಂಸವೂ ಕೆಲವು ಸಲ ನಸುಗೆಂಪಾಗಿ ಉಳಿಯುವದು. ಬೇಯದ್ದೂ ಕೆಲವು ಸಲ ಕಂದಾಗಿ ತೋರುವದು. ಅಡಿಗೆಯ ಉಷ್ಣಮಾಪಕವು ಈಗ ಒಂದು ಒಳ್ಳೆಯ ಚಾಕುವಿಗಿಂತ ಹೆಚ್ಚು ಬೆಲೆಯದಲ್ಲ. ಅದರ ಮೊನೆಯನ್ನು ಬಿಲ್ಲೆಯ ಮಗ್ಗುಲಿನಿಂದ ನಡುಭಾಗದವರೆಗೆ ಚುಚ್ಚಿ, 71 ಡಿಗ್ರಿ ತೋರಿದೊಡನೆ ಇಳಿಸಬೇಕು. ಆ ಶಾಖದಲ್ಲಿ ಹುಳುವಿನ ಮರಿಗಳಾಗಲಿ ಹೊಟ್ಟೆ ಕೆಡಿಸುವ ಸೂಕ್ಷ್ಮಜೀವಿಗಳಾಗಲಿ ಉಳಿಯವು; ಅದಕ್ಕಿಂತ ಹೆಚ್ಚಿನ ಶಾಖದಿಂದ ಬರುವ ಲಾಭವೇನೂ ಇಲ್ಲ, ರಸದ ನಷ್ಟ ಮಾತ್ರ ಉಂಟು. ಹೆದರಿಕೆಯಿಂದ ಇನ್ನೂ ಐದು ನಿಮಿಷ ಬಿಡುವ ರೂಢಿಯು ಬಿಟ್ಟುಹೋಗುವದು ಈ ಉಪಕರಣದಿಂದಲೇ. ಅದಿಲ್ಲದವರು ಎಲ್ಲಕ್ಕಿಂತ ದಪ್ಪನಾದ ಬಿಲ್ಲೆಯನ್ನು ನಡುವೆ ಮುರಿದು, ಒಳಗೆ ಹಬೆಯಾಡುತ್ತಿದೆಯೇ, ರಸವು ತಿಳಿಯಾಗಿದೆಯೇ, ಹಸಿ ಮಾಂಸದ ಮೆತುವು ಎಲ್ಲಿಯಾದರೂ ಉಳಿದಿದೆಯೇ ಎಂದು ನೋಡಿ, ಸಂಶಯವಿದ್ದರೆ ಮುಚ್ಚಳ ಮುಚ್ಚಿ ಇನ್ನೆರಡು ನಿಮಿಷ ಬಿಡಬೇಕು. ಮುರಿದದ್ದು ಅಡಿಗೆಯವಳ ಪಾಲು. ಇಳಿಸಿದ ಮೇಲೆ ಮೂರು ನಿಮಿಷ ಹಾಗೆಯೇ ಇಟ್ಟರೆ ರಸವು ನೆಲೆಗೊಳ್ಳುವದು. ಹಸಿ ಮಾಂಸವಿದ್ದ ತಟ್ಟೆಯಲ್ಲಿ ಬೆಂದದ್ದನ್ನು ಇಡಬಾರದೆಂದು ಬೇರೆ ಹೇಳಬೇಕೇ?

ಬನ್ನು ಸಿಹಿಯಾಗಿರಬಾರದು. ಅಂಗಡಿಯ ಸಿಹಿ ಬನ್ನಿಗಿಂತ ಪಾವು ಎಷ್ಟೋ ಮೇಲು. ಎರಡು ಹೋಳು ಮಾಡಿ ಒಳಮೈಯನ್ನು ಅದೇ ಕಾವಲಿಯ ಕೊಬ್ಬಿನಲ್ಲಿ ಕೆಂಪಗೆ ಮಾಡಿದರೆ ರಸ ತಾಗಿದರೂ ಮೆದುವಾಗಿ ಹರಿಯದು. ಹುಳಿಯ ಸ್ಥಳವು ಇಲ್ಲಿ: ನೀರುಳ್ಳಿಯನ್ನು ತೆಳುವಾಗಿ ಬಳೆಬಳೆಯಾಗಿ ಹೆಚ್ಚಿ, ಚಿಟಿಕೆ ಉಪ್ಪು, ಚಿಟಿಕೆ ಸಕ್ಕರೆ, ಎರಡು ಚಮಚ ವಿನೆಗರ್ ಅಥವಾ ನಾಲ್ಕೈದು ಹನಿ ಕಾಚಂಪುಳಿ ಹಾಕಿ ಅರ್ಧ ಗಂಟೆ ನೆನೆಯಿಸಿ ಮಾಂಸದ ಮೇಲೆ ಹರಡಬೇಕು. ಕೊಬ್ಬಿನ ಜಿಡ್ಡನ್ನು ಮುರಿಯಲು ಇದಕ್ಕಿಂತ ಒಳ್ಳೆಯದು ನಮಗೆ ತಿಳಿಯದು. ಬಾಟಲಿಯ ಟೊಮೇಟೊ ಸಾಸಿನ ಮೇಲೆ ಮಕ್ಕಳಿಗಿರುವ ಭಕ್ತಿಯನ್ನು ಅಲ್ಲಗಳೆಯುವ ಶಕ್ತಿಯೂ ನಮಗಿಲ್ಲ. ಹಸಿ ಎಲೆ ಬೇಕಾದರೆ ಒಂದೊಂದಾಗಿ ಬಿಡಿಸಿ, ಹರಿಯುವ ಶುದ್ಧ ನೀರಿನಲ್ಲಿ ಎರಡೂ ಮಗ್ಗುಲು ಉಜ್ಜಿ ತೊಳೆದು ಒರಸಬೇಕು. ಅಷ್ಟು ಸಾವಧಾನವಿಲ್ಲದ ದಿನ ಎಲೆಯನ್ನು ಬಿಟ್ಟುಬಿಡುವದು ಲೇಸು. ಅಥವಾ ಎಲೆಕೋಸನ್ನು ಸಣ್ಣಗೆ ಹೆಚ್ಚಿ ಕಾವಲಿಯಲ್ಲಿ ಬಾಡಿಸಿ ಇಡಬಹುದು.

ಹೆಚ್ಚು ಮಾಡಿಟ್ಟುಕೊಳ್ಳುವವರು ಬಿಲ್ಲೆಗಳನ್ನು ಉಪ್ಪು ಬೆರಸದೆ ತಟ್ಟಿ, ನಡುನಡುವೆ ಎಣ್ಣೆಕಾಗದವಿಟ್ಟು ಮಂಜುಗಡ್ಡೆಯ ಭಾಗದಲ್ಲಿ ಗಟ್ಟಿಯಾಗಿಸಬಹುದು. ಬೇಯಿಸುವ ದಿನ ಹಿಂದಿನ ರಾತ್ರಿಯೇ ತೆಗೆದು ಫ್ರಿಜ್ಜಿನ ಕೆಳಗಿನ ಅಂತಸ್ತಿನಲ್ಲಿಟ್ಟು, ಮೆತ್ತಗಾದ ಮೇಲೆ ಎರಡೂ ಮೈಗೆ ಉಪ್ಪನ್ನು ಉದುರಿಸಿ ಕಾವಲಿಗೆ ಹಾಕಬೇಕು. ಬೆಂದು ಉಳಿದ ಬಿಲ್ಲೆಯನ್ನು ಆರಿದೊಡನೆ ಫ್ರಿಜ್ಜಿಗೆ ಸೇರಿಸಿ, ಮಾರನೆಯ ಬೆಳಿಗ್ಗೆ ಪುಡಿಮಾಡಿ, ಎರಡು ಮೊಟ್ಟೆಗಳೊಡನೆ ಚೆನ್ನಾಗಿ ಬಿಸಿಯಾಗುವವರೆಗೆ ಹುರಿದರೆ ಸಣ್ಣಕ್ಕೂ ದೋಸೆಗೂ ಒಪ್ಪುವ ಪಲ್ಯವಾಗುವದು.